ಹನ್ನೊಂದು ಮುಚ್ಚಳ, ಎಷ್ಟು ದೇಶ?

ಮೇಜಿನ ಮೇಲೆ ಕಾಣುತ್ತಿರುವುದು ಹನ್ನೊಂದು ಬಾಟಲಿ ಮುಚ್ಚಳ. ಪಕ್ಕದಲ್ಲಿ ಬಣ್ಣದ ಡಬ್ಬಿಗಳು, ಒಂದು ಸಣ್ಣ ಬ್ರಷ್. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ, ಹಾಗಿದೆ ನನ್ನ ಕಥೆ. ಆದರೆ ಇದಕ್ಕೊಂದು ಕಾರಣ ಇದೆ.

ಹೋದ ವಾರ ಗೆಳೆಯರ ಜೊತೆ ಫುಟ್‌ಬಾಲ್ ಕ್ವಿಜ್ ಇಟ್ಟುಕೊಂಡಿದ್ದೆವು. ಪ್ರಶ್ನೆ ಕೇಳುವವನು ನಾನೇ. ನನಗೆ ತುಂಬಾ ಇಷ್ಟವಾದ ಪ್ರಶ್ನೆಯೊಂದನ್ನು ಕೊನೆಗೆ ಅಂತ ಉಳಿಸಿಕೊಂಡಿದ್ದೆ. ಇಂಗ್ಲೆಂಡಿನ ಕ್ಲಬ್‌ಗಳ ಟೂರ್ನಿಯಾದ ಎಫ್‌ಎ ಕಪ್‌ನ 1986ರ ಫೈನಲ್‌ನಲ್ಲಿ ಲಿವರ್‌ಪೂಲ್ ಕಣಕ್ಕಿಳಿಸಿದ ಹನ್ನೊಂದು ಜನರಲ್ಲಿ ಇಂಗ್ಲೆಂಡಿನವರು ಎಷ್ಟು?

ನನ್ನ ಹಾಳೆಯಲ್ಲಿ ಉತ್ತರ ಸೊನ್ನೆ. ಒಬ್ಬ ಗೆಳೆಯ ಎದ್ದು ನಿಂತು 'ಒಂದು' ಅಂದ. ತಪ್ಪು ಅಂದೆ. ಅವನು ಕೂರಲೇ ಇಲ್ಲ. ಮಾರ್ಕ್ ಲಾರೆನ್ಸನ್ ಹುಟ್ಟಿದ್ದು ಎಲ್ಲಿ ಹೇಳು ಅಂತ ಶುರು ಮಾಡಿದ. ಕ್ವಿಜ್ ಅಲ್ಲಿಗೇ ನಿಂತಿತು.

ಅವನು ಹೇಳಿದ್ದು ಸುಳ್ಳಲ್ಲ. ಲಾರೆನ್ಸನ್ ಹುಟ್ಟಿದ್ದು ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ. ಐರಿಶ್ ಮೂಲದ ಕುಟುಂಬ, ಹಾಗಾಗಿ ಆಡಿದ್ದು ಐರ್ಲೆಂಡ್ ಪರ. ನಾನು ರಾಷ್ಟ್ರೀಯ ತಂಡದ ಜೆರ್ಸಿ ನೋಡಿ ಲೆಕ್ಕ ಹಾಕಿದ್ದೆ. ಅವನು ಹುಟ್ಟಿದ ಊರು ನೋಡಿ ಹಾಕಿದ್ದ.

ಮನೆಗೆ ಬಂದು ಈ ಮುಚ್ಚಳಗಳನ್ನು ಜೋಡಿಸಿದೆ, ಆಟಗಾರನಿಗೊಂದು ಮುಚ್ಚಳ, ದೇಶಕ್ಕೊಂದು ಬಣ್ಣ. ಗೋಲ್‌ನಲ್ಲಿ ಬ್ರೂಸ್ ಗ್ರೊಬೆಲಾರ್, ಜಿಂಬಾಬ್ವೆ. ಲಾರೆನ್ಸನ್, ಜಿಮ್ ಬೆಗ್ಲಿನ್, ರಾನಿ ವೀಲನ್, ಮೂವರೂ ಐರ್ಲೆಂಡ್. ಸ್ಟೀವ್ ನಿಕೋಲ್, ಅಲನ್ ಹ್ಯಾನ್ಸನ್, ಕೆವಿನ್ ಮ್ಯಾಕ್‌ಡೊನಾಲ್ಡ್, ಜೊತೆಗೆ ಆಟಗಾರನೂ ಮ್ಯಾನೇಜರೂ ಆಗಿದ್ದ ಕೆನ್ನಿ ಡಾಲ್ಗ್ಲಿಶ್, ನಾಲ್ವರೂ ಸ್ಕಾಟ್ಲೆಂಡ್. ಇಯಾನ್ ರಶ್ ವೇಲ್ಸ್. ಯಾನ್ ಮೋಲ್ಬಿ ಡೆನ್ಮಾರ್ಕ್. ಕ್ರೇಗ್ ಜಾನ್‌ಸ್ಟನ್ ಆಸ್ಟ್ರೇಲಿಯಾದವನು. ಒಟ್ಟು ಆರು ದೇಶ.

ಈಗ ಗೆಳೆಯನ ಲೆಕ್ಕ ನೋಡೋಣ, ಬರೀ ಹುಟ್ಟಿದ ಜಾಗ. ಗ್ರೊಬೆಲಾರ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಜಾನ್‌ಸ್ಟನ್ ಕೂಡ ದಕ್ಷಿಣ ಆಫ್ರಿಕಾದಲ್ಲೇ, ಜೋಹಾನ್ಸ್‌ಬರ್ಗ್‌ನಲ್ಲಿ. ಲಾರೆನ್ಸನ್ ಇಂಗ್ಲೆಂಡಿಗೆ ಹೋದ. ಜಿಂಬಾಬ್ವೆ ಔಟ್, ಆಸ್ಟ್ರೇಲಿಯಾ ಔಟ್. ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ಒಳಗೆ. ಎಣಿಸಿದರೆ ಮತ್ತೆ ಆರೇ ದೇಶ! ಆದರೆ ಬೇರೆ ಆರು. ರಾತ್ರಿ ಹನ್ನೊಂದೂವರೆಗೆ ಒಬ್ಬನೇ ಕೂತು ನಕ್ಕೆ.

ಇನ್ನು ಪಾಸ್‌ಪೋರ್ಟ್ ಲೆಕ್ಕ ಅಂತ ಹೊರಟರೆ ಸ್ಕಾಟ್ಲೆಂಡ್, ವೇಲ್ಸ್ ಎರಡೂ ಮಾಯ. ಎರಡಕ್ಕೂ ಒಂದೇ ಬ್ರಿಟಿಷ್ ಪಾಸ್‌ಪೋರ್ಟ್ ಅಲ್ವಾ.

ಫುಟ್‌ಬಾಲ್ ನಿಯಮಗಳು ಮಾತ್ರ ಪಾಸ್‌ಪೋರ್ಟ್‌ಗೆ ಸೊಪ್ಪು ಹಾಕದ ಕಾಲವೊಂದಿತ್ತು. ತೊಂಬತ್ತರ ದಶಕದ ಮೊದಲರ್ಧದಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಡೆಸುವ ಟೂರ್ನಿಗಳಲ್ಲಿ ಒಂದು ತಂಡಕ್ಕೆ ಮೂವರು ವಿದೇಶಿಯರು. ಜೊತೆಗೆ ಆ ದೇಶದಲ್ಲೇ ವರ್ಷಗಟ್ಟಲೆ ಆಡಿ ಪಳಗಿದ ಇನ್ನಿಬ್ಬರು, ಅಷ್ಟೇ. ಇಂಗ್ಲೆಂಡಿನ ಕ್ಲಬ್‌ಗಳಿಗೆ ಸ್ಕಾಟ್ಲೆಂಡಿನವನೂ ವಿದೇಶಿ, ವೇಲ್ಸ್‌ನವನೂ ವಿದೇಶಿ. 1994ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಾರ್ಸಿಲೋನಾಗೆ ಹೋದಾಗ ಈ ಲೆಕ್ಕ ಸರಿ ಮಾಡಲು ಡೆನ್ಮಾರ್ಕಿನ ಗೋಲ್‌ಕೀಪರ್ ಪೀಟರ್ ಶ್ಮೈಕೆಲ್‌ನನ್ನೇ ಹೊರಗಿಡಬೇಕಾಯಿತು. ಗೋಲ್‌ನಲ್ಲಿ ನಿಂತವನು ಗ್ಯಾರಿ ವಾಲ್ಷ್. ಫಲಿತಾಂಶ 4-0, ಬಾರ್ಸಿಲೋನಾಗೆ. ಶ್ಮೈಕೆಲ್ ಇದ್ದಿದ್ದರೂ ಆ ರಾತ್ರಿ ಯುನೈಟೆಡ್ ಉಳಿಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ, ಆದರೆ ಅದು ಬೇರೆ ಜಗಳ.

ಇದನ್ನೆಲ್ಲ ಮುರಿದದ್ದು ಬೆಲ್ಜಿಯಂನ ಒಬ್ಬ ಸಾಧಾರಣ ಆಟಗಾರ. ಹೆಸರು ಜಾನ್ ಮಾರ್ಕ್ ಬೊಸ್ಮನ್. 1990ರಲ್ಲಿ ಲಿಯೇಜ್ ಕ್ಲಬ್ ಜೊತೆಗಿನ ಅವನ ಒಪ್ಪಂದ ಮುಗಿಯಿತು. ಫ್ರಾನ್ಸಿನ ಡನ್‌ಕರ್ಕ್‌ಗೆ ಹೋಗಬೇಕೆಂದಿದ್ದ. ಒಪ್ಪಂದ ಮುಗಿದ ಮೇಲೂ ಹಳೇ ಕ್ಲಬ್ ದುಡ್ಡು ಕೇಳಿತು, ವರ್ಗಾವಣೆ ಕೂಡಿಬರಲಿಲ್ಲ. ಅವನು ಕೋರ್ಟ್ ಮೆಟ್ಟಿಲು ಹತ್ತಿದ. 1995ರ ಡಿಸೆಂಬರ್ 15ರಂದು ಯುರೋಪಿಯನ್ ಕೋರ್ಟ್ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದವನು ಹಣದ ಹಂಗಿಲ್ಲದೆ ಹೋಗಬಹುದು. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ 'ಇಷ್ಟೇ ಜನ' ಅಂತ ಮಿತಿ ಹಾಕುವಂತಿಲ್ಲ. ಕೇಸ್ ನಡೆಯುವಷ್ಟರಲ್ಲಿ ಬೊಸ್ಮನ್‌ನ ಆಟದ ವಯಸ್ಸೇ ಕಳೆದುಹೋಗಿತ್ತು. ಬೆಳೆ ಬೇರೆಯವರ ಪಾಲಾಯಿತು.

ನಾಲ್ಕೇ ವರ್ಷ. 1999ರ ಡಿಸೆಂಬರ್ 26, ಸೌತಾಂಪ್ಟನ್‌ನ 'ದ ಡೆಲ್' ಮೈದಾನ. ಚೆಲ್ಸಿ ಇಳಿಸಿದ ಹನ್ನೊಂದರಲ್ಲಿ ಒಬ್ಬನೇ ಒಬ್ಬ ಬ್ರಿಟಿಷ್ ಆಟಗಾರ ಇಲ್ಲ. ಇಂಗ್ಲೆಂಡಿನ ಮೇಲಿನ ಲೀಗ್‌ನಲ್ಲಿ ಅದೇ ಮೊದಲು. ಮ್ಯಾನೇಜರ್ ಜಾನ್‌ಲೂಕಾ ವಿಯಾಲ್ಲಿ ಕೂಡ ಇಟಲಿಯವನು. ಪಂದ್ಯ 2-1ರಲ್ಲಿ ಗೆದ್ದರು, ಎರಡೂ ಗೋಲು ನಾರ್ವೆಯ ಟೋರೆ ಆಂಡ್ರೆ ಫ್ಲೋನದು. ಮುಚ್ಚಳಗಳನ್ನು ಮತ್ತೆ ಜೋಡಿಸಿದೆ, ನೋಡಿ. ನೆದರ್ಲೆಂಡ್ಸ್, ಸ್ಪೇನ್, ಬ್ರೆಜಿಲ್, ನೈಜೀರಿಯಾ, ರೊಮೇನಿಯಾ, ಉರುಗ್ವೆ, ನಾರ್ವೆ ಒಂದೊಂದು. ಫ್ರಾನ್ಸ್, ಇಟಲಿ ಎರಡೆರಡು. ಒಂಬತ್ತು ದೇಶ.

ಇಲ್ಲೂ ಒಂದು ಕೊಕ್ಕೆ ಇದೆ. ಆ ಇಬ್ಬರು ಇಟಲಿಯವರಲ್ಲಿ ರಾಬರ್ಟೊ ಡಿ ಮಟಿಯೊ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಗೆಳೆಯನ ಲೆಕ್ಕ ಹಿಡಿದರೆ ಹತ್ತು.

2005ರ ಫೆಬ್ರವರಿಯಲ್ಲಿ ಆರ್ಸೆನಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಬೆಂಚೂ ಸೇರಿ ಹದಿನಾರಕ್ಕೆ ಹದಿನಾರೂ ಹೊರಗಿನವರು. 5-1. ಪತ್ರಿಕೆಗಳಲ್ಲಿ ಗಲಾಟೆಯೋ ಗಲಾಟೆ.

ಎಲ್ಲರೂ ಚೆಲ್ಸಿ, ಆರ್ಸೆನಲ್ ಅಂತಲೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಎನರ್ಜಿ ಕಾಟ್‌ಬುಸ್. ಹಳೇ ಪೂರ್ವ ಜರ್ಮನಿಯ ಸಣ್ಣ ಊರಿನ ತಂಡ. 2001ರ ಏಪ್ರಿಲ್ 6ರಂದು ವುಲ್ಫ್ಸ್‌ಬರ್ಗ್ ವಿರುದ್ಧ ಹನ್ನೊಂದೂ ವಿದೇಶಿಯರನ್ನು ಇಳಿಸಿತು. ಜರ್ಮನಿಯ ಮೇಲಿನ ಲೀಗ್ ಬುಂಡೆಸ್‌ಲೀಗಾದಲ್ಲಿ ಅದೇ ಮೊದಲು. ಚೆಲ್ಸಿ ದುಡ್ಡಿದೆ ಅಂತ ಪ್ರಪಂಚ ಸುತ್ತಿತು. ಇವರು ದುಡ್ಡಿಲ್ಲ ಅಂತ ಸುತ್ತಿದರು. ಒಳ್ಳೆಯ ಜರ್ಮನ್ ಆಟಗಾರ ಇವರ ಕೈಗೆ ಎಟುಕುತ್ತಿರಲಿಲ್ಲ. ಬೋಸ್ನಿಯಾ, ಅಲ್ಬೇನಿಯಾ, ಬೆನಿನ್‌ನಂಥ ಕಡೆಯವರು ಎಟುಕುತ್ತಿದ್ದರು. ಪಂದ್ಯ 0-0. ದಾಖಲೆ ಬರೆದ ದಿನ ಒಂದು ಗೋಲೂ ಇಲ್ಲ, ಪಾಪ.

ಇನ್ನೊಂದು ತುದಿಯಲ್ಲಿ ಇಂಟರ್ ಮಿಲಾನ್ ಇದೆ. ಅದರ ಹೆಸರೇ ಇಂಟರ್‌ನಾತ್ಸಿಯೊನಾಲೆ, ಅಂದರೆ ಅಂತರರಾಷ್ಟ್ರೀಯ. ವಿದೇಶಿಯರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅನ್ನೋ ಜಗಳದಲ್ಲಿ ಮಿಲಾನ್ ಕ್ಲಬ್‌ನಿಂದ ಒಡೆದು 1908ರಲ್ಲಿ ಹುಟ್ಟಿದ್ದು. ಮುಸೊಲಿನಿಯ ಕಾಲದಲ್ಲಿ ಆ ಹೆಸರೇ ಕಣ್ಣಿಗೆ ಚುಚ್ಚಿ, 1928ರಲ್ಲಿ ಅಂಬ್ರೋಸಿಯಾನಾ ಅಂತ ಬದಲಿಸಿದರು. 2010ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಹುಟ್ಟಿದಾಗಿನ ಹಟ ತೀರಿಸಿಕೊಂಡಿತು. ಜರ್ಮನಿಯ ಬಯರ್ನ್ ಮ್ಯೂನಿಕ್ ವಿರುದ್ಧ ಇಳಿದ ಹನ್ನೊಂದರಲ್ಲಿ ಇಟಲಿಯವನು ಒಬ್ಬನೂ ಇಲ್ಲ. ನಾಲ್ವರು ಅರ್ಜೆಂಟೀನಾ, ಮೂವರು ಬ್ರೆಜಿಲ್, ಉಳಿದವರು ನೆದರ್ಲೆಂಡ್ಸ್, ರೊಮೇನಿಯಾ, ಕ್ಯಾಮರೂನ್, ಮೆಸಿಡೋನಿಯಾ. 2-0 ಗೆದ್ದರು. ಪಂದ್ಯ ಮುಗಿಯುವ ಹೊತ್ತಿಗೆ ಮಾರ್ಕೊ ಮಾತೆರಾಜ್ಜಿ ಬದಲಿಯಾಗಿ ಓಡಿ ಬಂದ. ಇಟಲಿಯ ಪಾಲು ಅಷ್ಟೇ.

ಮೆಸಿಡೋನಿಯಾದ ಗೊರಾನ್ ಪಾಂಡೆವ್ ಮುಚ್ಚಳಕ್ಕೆ ಯಾವ ಬಣ್ಣ ಹಚ್ಚಲಿ? ಅವನು ಹುಟ್ಟಿದಾಗ ಅದು ಯುಗೊಸ್ಲಾವಿಯಾ. ಫೈನಲ್ ಆಡಿದಾಗ ಮೆಸಿಡೋನಿಯಾ. 2019ರಿಂದ ಉತ್ತರ ಮೆಸಿಡೋನಿಯಾ. ಅವನು ಕದಲಿಲ್ಲ, ದೇಶವೇ ಹೆಸರು ಬದಲಿಸುತ್ತಾ ಹೋಯಿತು.

ನಮ್ಮವರೇ ಸಾಕು ಅನ್ನುವ ಕ್ಲಬ್‌ಗಳ ಕಡೆ ಹೋದರೆ ಲೆಕ್ಕ ಸುಲಭ ಅಂದುಕೊಂಡಿದ್ದೆ. ಇಲ್ಲ. ಮೆಕ್ಸಿಕೋದ ಚಿವಾಸ್ ಬರೀ ಮೆಕ್ಸಿಕನ್ನರನ್ನು ಆಡಿಸುತ್ತದೆ. 1906ರಲ್ಲಿ ಅದನ್ನು ಕಟ್ಟಿದವನು ಎಡ್ಗರ್ ಎವರಾರ್ಟ್ ಎಂಬ ಬೆಲ್ಜಿಯಂನವನು! 2024ರಲ್ಲಿ ಅವರು ಸೇರಿಸಿಕೊಂಡ ಕೇಡ್ ಕೋವೆಲ್ ಅಮೆರಿಕ ರಾಷ್ಟ್ರೀಯ ತಂಡದ ಆಟಗಾರ. ಮೆಕ್ಸಿಕೋ ಮೂಲದ ಕುಟುಂಬ, ಹಾಗಾಗಿ ನಡೆಯುತ್ತದೆ.

ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊದಲ್ಲಿ ಸ್ಪೇನ್-ಫ್ರಾನ್ಸ್ ಗಡಿಯ ಎರಡೂ ಕಡೆ ಹರಡಿರುವ ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಇಲ್ಲವೇ ಅಲ್ಲಿ ಆಟ ಕಲಿತವರು ಮಾತ್ರ. ಪಾಸ್‌ಪೋರ್ಟ್ ಯಾವುದು ಅಂತ ಅವರು ಕೇಳುವುದಿಲ್ಲ, ಹಾಗಾಗಿಯೇ ಫ್ರಾನ್ಸಿನ ಬಾಸ್ಕ್ ಭಾಗದ ಬಿಕ್ಸೆಂತೆ ಲಿಜರಾಜು ಅಲ್ಲಿ ಆಡಿದ. ಇನಾಕಿ ಮತ್ತು ನಿಕೊ ವಿಲಿಯಮ್ಸ್ ಅಣ್ಣ-ತಮ್ಮ. ಅಪ್ಪ ಅಮ್ಮ ಘಾನಾದವರು. 2022ರ ವಿಶ್ವಕಪ್‌ನಲ್ಲಿ ಅಣ್ಣ ಘಾನಾ ಪರ, ತಮ್ಮ ಸ್ಪೇನ್ ಪರ. ಪ್ರಪಂಚದಲ್ಲೇ ಅತಿ ಕಟ್ಟುನಿಟ್ಟಾದ ಕ್ಲಬ್‌ನಲ್ಲಿ ಒಂದೇ ಮನೆಯಿಂದ ಎರಡು ಬಾವುಟ.

ಈಗ ನನ್ನ ಅಚ್ಚುಮೆಚ್ಚಿನದು. 2012ರ ನವೆಂಬರ್ 25, ಸ್ಪೇನಿನ ಲೆವಾಂಟೆ ಕ್ಲಬ್‌ನ ಮೈದಾನದಲ್ಲಿ ಬಾರ್ಸಿಲೋನಾ. 14ನೇ ನಿಮಿಷಕ್ಕೆ ಡಾನಿ ಆಲ್ವೆಸ್ ಗಾಯಗೊಂಡು ಹೊರಗೆ ಬಂದ, ಮಾರ್ಟಿನ್ ಮೊಂಟೋಯಾ ಒಳಗೆ ಹೋದ. ಆ ಕ್ಷಣದಿಂದ ಮೈದಾನದಲ್ಲಿದ್ದ ಹನ್ನೊಂದೂ ಜನ ಕ್ಲಬ್‌ನ ಸ್ವಂತ ಗರಡಿ ಲಾ ಮಾಸಿಯಾದವರು. ಎಷ್ಟು ದೇಶ? ಜೆರ್ಸಿ ನೋಡಿದರೆ ಎರಡು, ಹತ್ತು ಜನ ಸ್ಪೇನ್, ಒಬ್ಬ ಅರ್ಜೆಂಟೀನಾದ ಮೆಸ್ಸಿ. ಪಾಸ್‌ಪೋರ್ಟ್ ನೋಡಿದರೆ ಒಂದೇ ಅನ್ನಬಹುದು, ಯಾಕೆಂದರೆ ಮೆಸ್ಸಿಗೆ 2005ರಲ್ಲೇ ಸ್ಪೇನ್ ಪೌರತ್ವ ಸಿಕ್ಕಿತ್ತು. ಅದೇ ಹನ್ನೊಂದರಲ್ಲಿದ್ದ ಸೆಸ್ಕ್ ಫ್ಯಾಬ್ರೆಗಾಸ್ ಹದಿನಾರಕ್ಕೇ ಆರ್ಸೆನಲ್ ಸೇರಿದ್ದವನು. ಹಾಗಾಗಿ ಪ್ರೀಮಿಯರ್ ಲೀಗ್‌ನ ನಿಯಮದ ಪ್ರಕಾರ ಇಂಗ್ಲೆಂಡಿನಲ್ಲೂ ಅವನು 'ಹೋಮ್‌ಗ್ರೋನ್'. ಇಪ್ಪತ್ತೊಂದರೊಳಗೆ ಮೂರು ವರ್ಷ ಅಲ್ಲಿನ ಕ್ಲಬ್‌ನಲ್ಲಿ ಕಲಿತರೆ ಸಾಕು, ಯಾವ ದೇಶದವನಾದರೂ ಮನೆಮಗನೇ.

ಲಿವರ್‌ಪೂಲ್ ಮುಚ್ಚಳಗಳನ್ನು ಕೊನೆಗೂ ಮತ್ತೆ ಜೋಡಿಸಿದೆ. ಲಾರೆನ್ಸನ್‌ಗೆ ಐರ್ಲೆಂಡಿನ ಹಸಿರೇ ಹಚ್ಚಿದ್ದೇನೆ, ನನ್ನ ಮೇಜು, ನನ್ನ ಬಣ್ಣ. ಒಂದು ಮಾತ್ರ ಹಾಗೇ ಉಳಿದಿದೆ. ಕ್ರೇಗ್ ಜಾನ್‌ಸ್ಟನ್. ಆ ಫೈನಲ್‌ನಲ್ಲಿ ಗೋಲು ಹೊಡೆದವನು, ಮುಂದೆ ಅಡಿಡಾಸ್‌ನ ಪ್ರಿಡೇಟರ್ ಫುಟ್‌ಬಾಲ್ ಬೂಟಿನ ಕಲ್ಪನೆ ಕೊಟ್ಟವನು. ಹುಟ್ಟಿದ್ದು ಜೋಹಾನ್ಸ್‌ಬರ್ಗ್, ಬೆಳೆದದ್ದು ಆಸ್ಟ್ರೇಲಿಯಾ. ಆಸ್ಟ್ರೇಲಿಯಾದ ಹಿರಿಯರ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಆಡಿದ್ದು ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೆ.

ಅಂದರೆ ನನ್ನ ಜೆರ್ಸಿ ಲೆಕ್ಕವನ್ನೇ ನೆಟ್ಟಗೆ ಹಿಡಿದರೂ ಉತ್ತರ ಸೊನ್ನೆ ಅಲ್ಲ. ಗೆಳೆಯನ 'ಒಂದು' ಸರಿ, ಆದರೆ ಅವನು ಹೇಳಿದ ಹೆಸರು ಬೇರೆ. ಫೋನ್ ಮಾಡಿ ಅರ್ಧ ಪಾಯಿಂಟ್ ಕೊಡುತ್ತೇನೆ ಅಂದೆ. ಪೂರ್ತಿ ಬೇಕಂತೆ.