ನಕ್ಷೆಯ ಖಾಲಿ ಜಾಗದಲ್ಲಿ ಏನಿದೆ? ತೈಲ ಸೋರಿಕೆಗೆ ಮೊದಲೇ ಕಡಲ ತಳವನ್ನು ಅರಿಯುವುದು

ಎಲ್ಲರಿಗೂ ನಮಸ್ಕಾರ.

ತೈಲ ಸೋರಿಕೆ ಅಂದ ತಕ್ಷಣ ಕಣ್ಣಿಗೆ ಬರುವುದು ನೀರಿನ ಮೇಲೆ ಹರಡಿದ ಕಪ್ಪು ಪದರ, ರೆಕ್ಕೆಗೆಲ್ಲ ಎಣ್ಣೆ ಮೆತ್ತಿಕೊಂಡ ಹಕ್ಕಿ, ದಡದಲ್ಲಿ ಸಲಿಕೆ ಹಿಡಿದ ಜನ. ನಾನು ಇವತ್ತು ಮಾತಾಡುವುದು ಇದರ ಕೆಳಗಿನದರ ಬಗ್ಗೆ. ಕಡಲ ತಳದಲ್ಲಿ ಎಲ್ಲಿ ಏನು ಬದುಕಿದೆ, ಅದರಲ್ಲಿ ಎಣ್ಣೆ ತಾಗಿದರೆ ಯಾವುದು ಬೇಗ ಸಾಯುತ್ತದೆ, ಯಾವುದಕ್ಕೆ ಚೇತರಿಸಿಕೊಳ್ಳಲು ಜಾಸ್ತಿ ವರ್ಷ ಬೇಕು ಎಂಬುದನ್ನು ಮೊದಲೇ ನಕ್ಷೆ ಮಾಡಿ ಇಟ್ಟುಕೊಳ್ಳುವ ಕೆಲಸ ಅದು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ ತೆಗೆದುಕೊಳ್ಳೋಣ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಲ್ವಾ? ಹಾಗಿದ್ದರೆ ತಳಕ್ಕೆ ಏನು ಅಪಾಯ?

ತೇಲುತ್ತದೆ, ನಿಜ. ಆದರೆ ಕೆಳಗಿಳಿಯಲು ಅದಕ್ಕೆ ಬೇಕಾದಷ್ಟು ದಾರಿಗಳಿವೆ. ಅಲೆಗಳ ಹೊಡೆತಕ್ಕೆ ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಸೇರುತ್ತದೆ. ದಡದ ಹತ್ತಿರ ಮರಳಿನ ಕಣಗಳು ಅಂಟಿಕೊಂಡು ಭಾರವಾಗಿ ಮುಳುಗುತ್ತದೆ. ಕೆಲವು ಗಟ್ಟಿ ಇಂಧನ ತೈಲಗಳು ನೀರಿಗಿಂತಲೂ ಭಾರ, ಅವು ನೇರವಾಗಿ ತಳಕ್ಕೇ ಹೋಗುತ್ತವೆ. ಸುಟ್ಟರೆ ಮುಗಿಯಿತು ಅನ್ನುವ ಹಾಗೂ ಇಲ್ಲ. 1991ರಲ್ಲಿ ಇಟಲಿಯ ಜಿನೋವಾ ಹತ್ತಿರ ಹೇವನ್ ಎಂಬ ತೈಲ ಹಡಗಿಗೆ ಬೆಂಕಿ ಬಿತ್ತು. ಉರಿದು ಉಳಿದ ಡಾಂಬರಿನಂಥ ಗಸಿ ಸಮುದ್ರದ ತಳಕ್ಕಿಳಿದು ಕೂತಿತು.

ಇನ್ನೊಂದು ದಾರಿ ಇದೆ. ಸಮುದ್ರದಲ್ಲಿ ಸತ್ತ ಸಣ್ಣ ಜೀವಿಗಳು, ಅವುಗಳ ಲೋಳೆ, ಮಲ, ಮಣ್ಣಿನ ಕಣ ಎಲ್ಲ ಒಂದಕ್ಕೊಂದು ಅಂಟಿಕೊಂಡು ಚೂರುಚೂರಾಗಿ ಸದಾ ಕೆಳಗಿಳಿಯುತ್ತಿರುತ್ತವೆ. ವಿಜ್ಞಾನಿಗಳು ಇದನ್ನು ಕಡಲ ಹಿಮ ಅನ್ನುತ್ತಾರೆ. ಆಳದ ಜೀವಿಗಳಿಗೆ ಇದೇ ಊಟ. ಮೇಲೆ ಎಣ್ಣೆ ಇದ್ದರೆ ಅದೂ ಈ ಚೂರುಗಳಿಗೆ ಅಂಟಿಕೊಳ್ಳುತ್ತದೆ. ಆಗ ಕೆಳಗಿನವರಿಗೆ ಊಟದ ಜೊತೆಗೇ ವಿಷವೂ ಇಳಿಯುತ್ತದೆ.

ಇದೆಲ್ಲ ದೊಡ್ಡ ಮಟ್ಟದಲ್ಲಿ ಗೊತ್ತಾದದ್ದು 2010ರ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ. ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಆ ಹೆಸರಿನ ತೈಲಬಾವಿ ಕೊರೆಯುವ ರಿಗ್ ಸ್ಫೋಟಿಸಿತು, 11 ಜನ ಸತ್ತರು. ಬಾವಿಯ ಬಾಯಿ ಇದ್ದದ್ದು ಸುಮಾರು 1,500 ಮೀಟರ್ ಆಳದಲ್ಲಿ. ಅದನ್ನು ಮುಚ್ಚಲು 87 ದಿನ ಹಿಡಿಯಿತು. ಹೊರಬಂದ ಎಣ್ಣೆ ಎಲ್ಲ ಮೇಲಕ್ಕೆ ಬರಲಿಲ್ಲ. ಸುಮಾರು 1,100 ಮೀಟರ್ ಆಳದಲ್ಲಿ ನೀರಿನ ನಡುವೆಯೇ ಒಂದು ಪದರವಾಗಿ ನಿಂತು, 35 ಕಿಲೋಮೀಟರಿಗೂ ಉದ್ದಕ್ಕೆ ನೈಋತ್ಯ ದಿಕ್ಕಿಗೆ ಹರಿಯಿತು.

ಅದೇ ವರ್ಷ ನವೆಂಬರಿನಲ್ಲಿ ವಿಜ್ಞಾನಿಗಳು ಬಾವಿಯಿಂದ ನೈಋತ್ಯಕ್ಕೆ 11 ಕಿಲೋಮೀಟರ್ ದೂರದ ಒಂದು ಜಾಗಕ್ಕೆ ರೋಬೋಟ್ ಇಳಿಸಿದರು. ಆಳ 1,370 ಮೀಟರ್. ಅಲ್ಲೊಂದು ಹವಳದ ತಾಣ ಕಂಡಿತು. ಬೀಸಣಿಗೆಯ ಹಾಗೆ ಕೊಂಬೆ ಚಾಚಿದ ಹವಳಗಳು. ಅವುಗಳ ಮೇಲೆ ಕಂದು ಬಣ್ಣದ ಜೂಲುಜೂಲಾದ ಕೊಳೆ ಕೂತಿತ್ತು. ಕೆಲವು ಕೊಂಬೆಗಳಲ್ಲಿ ಜೀವದ ಪದರವೇ ಕಳಚಿ ಒಳಗಿನ ಕಡ್ಡಿ ಕಾಣುತ್ತಿತ್ತು. ಈ ಹವಳಗಳ ಕೊಂಬೆಗೆ ಸುತ್ತಿಕೊಂಡು ಬದುಕುವ ತೆಳು ಕೈಗಳ ನಕ್ಷತ್ರಮೀನಿನಂಥ ಜೀವಿಗಳಿವೆ. ಅವುಗಳಲ್ಲೂ ಕೆಲವು ಬಣ್ಣಗೆಟ್ಟು ಬಿಗಿಯಾಗಿ ಮುದುಡಿದ್ದವು. ಆಮೇಲೆ ವರ್ಷವರ್ಷವೂ ಅದೇ ಹವಳಗಳ ಫೋಟೋ ತೆಗೆದು ಹೋಲಿಸಿದಾಗ ಒಂದು ಸಂಗತಿ ತಿಳಿಯಿತು. ಈ ಜೀವಿ ಸುತ್ತಿಕೊಂಡಿದ್ದ ಕಡೆ ಕೊಂಬೆ ಕಡಿಮೆ ಹಾಳಾಗಿತ್ತು, ಬೇಗ ಚೇತರಿಸಿತ್ತು. ಹೆಚ್ಚು ಪೆಟ್ಟು ತಿಂದ ಹವಳಗಳು ಮಾತ್ರ ಏಳು ವರ್ಷ ಕಳೆದರೂ ಪೂರ್ತಿ ಸರಿಹೋಗಿರಲಿಲ್ಲ. ಆಳದ ಹವಳ ಬೆಳೆಯುವುದೇ ಅಷ್ಟು ನಿಧಾನ, ಒಂದೊಂದಕ್ಕೆ ನೂರಾರು ವರ್ಷ ವಯಸ್ಸಿರುತ್ತದೆ. ಹವಾಯಿಯ ಆಳದ ಕಪ್ಪು ಹವಳವೊಂದಕ್ಕೆ 4,000 ವರ್ಷಕ್ಕೂ ಮೇಲೆ ವಯಸ್ಸಾಗಿದೆ ಎಂದು ಲೆಕ್ಕ ಹಾಕಿದ್ದಾರೆ.

ಇಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಒಂದು ಸಂಗತಿ. ಸೋರಿಕೆಗೆ ಮೊದಲು ಆ ಹವಳದ ತಾಣ ಯಾರ ನಕ್ಷೆಯಲ್ಲೂ ಇರಲಿಲ್ಲ. ಹಾಗಾಗಿ ಅದರ ಹಿಂದಿನ ಫೋಟೋ ಒಂದೂ ಇಲ್ಲ. ಮೊದಲು ಅದು ಹೇಗಿತ್ತು ಎಂದು ಹೇಳಲು ಬೇರೆ ಕಡೆಯ ಆರೋಗ್ಯವಂತ ಹವಳಗಳನ್ನು ನೋಡಿ ಅಂದಾಜು ಮಾಡಬೇಕಾಯಿತು.

ಹಾಗಂತ ಸೋರಿಕೆಗೆ ನಕ್ಷೆ ಮಾಡುವುದು ಹೊಸದೇನಲ್ಲ. 1979ರ ಜೂನಿನಲ್ಲಿ ಇದೇ ಕೊಲ್ಲಿಯ ಮೆಕ್ಸಿಕೋ ಭಾಗದಲ್ಲಿ ಇಶ್ಟಾಕ್-1 ಎಂಬ ಬಾವಿ ಸ್ಫೋಟಿಸಿತ್ತು. ಎಣ್ಣೆ ಟೆಕ್ಸಾಸ್ ಕಡೆಗೆ ತೇಲಿಬರುತ್ತಿತ್ತು. ಅದು ಮುಟ್ಟಲು ಕೆಲವೇ ದಿನ ಇರುವಾಗ ಅಲ್ಲಿನ ದಡಕ್ಕೆ ಸೂಕ್ಷ್ಮತೆಯ ನಕ್ಷೆ ತಯಾರಾಯಿತು. ದಡಗಳಿಗೆ 1ರಿಂದ 10ರವರೆಗೆ ಅಂಕ. ಅಲೆ ಹೊಡೆಯುವ ಬಂಡೆಗೆ 1, ಏಕೆಂದರೆ ಅದನ್ನು ಅಲೆಯೇ ತೊಳೆಯುತ್ತದೆ. ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್, ಮತ್ತು ಜೌಗು ನೆಲಕ್ಕೆ 10. ಅಲ್ಲಿ ಎಣ್ಣೆ ಹೊಕ್ಕರೆ ತೆಗೆಯಲಿಕ್ಕಾಗದು. ಈ ಪದ್ಧತಿ ಎಷ್ಟು ಸರಳವಾಗಿತ್ತೆಂದರೆ ಎಷ್ಟೋ ದೇಶಗಳು ಅದನ್ನೇ ಹಿಡಿದವು. ಇಂಥ ನಕ್ಷೆಗಳಲ್ಲಿ ಹವಳ, ಕಡಲ ಹುಲ್ಲುಗಳ ಗುರುತೂ ಇರುತ್ತದೆ. ಆದರೆ ಆ ಅಂಕ ಇರುವುದು ದಡಕ್ಕೆ. ದಡ ಒಂದು ಗೆರೆ, ನಡೆದು ನೋಡಬಹುದು. ತಳ ವಿಶಾಲ, ಮೇಲಾಗಿ ಅದಕ್ಕೆ ಆಳವೂ ಇದೆ. 1,100 ಮೀಟರಿನಲ್ಲಿ ಹರಿಯುವ ಎಣ್ಣೆ 60 ಮೀಟರ್ ಆಳದಲ್ಲಿರುವ ದಿಬ್ಬವನ್ನು ಮುಟ್ಟುವುದಿಲ್ಲ, ಅದೇ ಆಳದ ಇಳಿಜಾರನ್ನು ಒರೆಸಿಕೊಂಡು ಹೋಗುತ್ತದೆ. ಹಾಗಾಗಿ ಯಾವ ಜೀವಿ ಎಲ್ಲಿದೆ ಅನ್ನುವುದರ ಜೊತೆಗೆ ಎಷ್ಟು ಆಳದಲ್ಲಿದೆ ಅನ್ನುವುದೂ ಬೇಕೇ ಬೇಕು.

ನಕ್ಷೆ ನಿಜವಾಗಿ ಯಾವಾಗ ಉಪಯೋಗಕ್ಕೆ ಬರುತ್ತದೆ ಹೇಳುತ್ತೇನೆ. ಸೋರಿಕೆಯಾದ ಮೊದಲ ಕೆಲವು ಗಂಟೆಗಳಲ್ಲಿ ಒಂದು ಕಷ್ಟದ ತೀರ್ಮಾನ ಆಗಬೇಕು. ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ರಾಸಾಯನಿಕ ಇದೆ, ಡಿಸ್ಪರ್ಸೆಂಟ್ ಅನ್ನುತ್ತಾರೆ. ಅದನ್ನು ಸಿಂಪಡಿಸಬೇಕೋ ಬೇಡವೋ? ತಡಮಾಡುವ ಹಾಗಿಲ್ಲ. ಒಂದೆರಡು ದಿನ ಕಳೆದರೆ ಎಣ್ಣೆ ನೀರು ಕುಡಿದು ದಪ್ಪಗಾಗುತ್ತದೆ, ಆಮೇಲೆ ಸಿಂಪಡಿಸಿ ಪ್ರಯೋಜನ ಕಡಿಮೆ. ಸಿಂಪಡಿಸಿದರೆ ದಡ ಉಳಿಯುತ್ತದೆ, ಆದರೆ ಎಣ್ಣೆ ನೀರಿನೊಳಗೆ ಇಳಿಯುತ್ತದೆ. ಕೆಳಗೆ ಆಳವಾದ ನೀರಿದ್ದರೆ ಹನಿಗಳು ಹರಡಿ ತೆಳುವಾಗುತ್ತವೆ. ಐದು ಮೀಟರ್ ಆಳದಲ್ಲಿ ಹವಳ ಇದ್ದರೆ? ಎಲ್ಲವೂ ಅದರ ಮೇಲೇ.

ಪನಾಮದ ಕೆರಿಬಿಯನ್ ತೀರದಲ್ಲಿ 1984ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕಾಂಡ್ಲಾ, ಕಡಲ ಹುಲ್ಲು, ಹವಳ ಮೂರೂ ಇರುವ ಜಾಗಗಳನ್ನು ಆರಿಸಿಕೊಂಡರು. ಒಂದು ಕಡೆ ಬರೀ ಕಚ್ಚಾ ತೈಲ ಬಿಟ್ಟರು. ಇನ್ನೊಂದು ಕಡೆ ಡಿಸ್ಪರ್ಸೆಂಟ್ ಬೆರೆಸಿದ ತೈಲ. ಮತ್ತೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಬರೀ ತೈಲ ಬಿಟ್ಟಲ್ಲಿ ಕಾಂಡ್ಲಾ ಮರಗಳು ಸತ್ತವು, ಹತ್ತು ವರ್ಷದ ನಂತರವೂ ಅಲ್ಲಿ ಎಣ್ಣೆಯ ಪರಿಣಾಮ ಕಾಣುತ್ತಿತ್ತು. ಡಿಸ್ಪರ್ಸೆಂಟ್ ಬೆರೆಸಿದಲ್ಲಿ ಮರಗಳಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ಹವಳಕ್ಕೆ ದೊಡ್ಡ ಪೆಟ್ಟು ಬಿತ್ತು. ಹತ್ತು ವರ್ಷದಲ್ಲಿ ಆ ಹವಳ ಚೇತರಿಸಿಕೊಂಡಿತ್ತು.

ಇದರಿಂದ ಡಿಸ್ಪರ್ಸೆಂಟೇ ಒಳ್ಳೆಯದು ಅಂತ ತೀರ್ಮಾನ ಮಾಡಬೇಡಿ. ಆಳದ ಹವಳಕ್ಕೆ ಹತ್ತು ವರ್ಷ ಏನೇನೂ ಸಾಲದು ಎಂದು ಈಗಷ್ಟೇ ನೋಡಿದೆವು. ಡೀಪ್‌ವಾಟರ್ ಹೊರೈಜನ್‌ನಲ್ಲಿ ಬಳಸಿದ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟಿನಲ್ಲಿ ಸುಮಾರು 29 ಲಕ್ಷ ಲೀಟರನ್ನು ಆಳದಲ್ಲಿ, ಬಾವಿಯ ಬಾಯಿಗೇ ಬಿಟ್ಟಿದ್ದರು. ಯಾವುದನ್ನು ಉಳಿಸಲು ಯಾವುದನ್ನು ಅಪಾಯಕ್ಕೆ ಒಡ್ಡುತ್ತಿದ್ದೇವೆ ಎಂದು ಗೊತ್ತಿರಬೇಕು. ಬ್ರಿಟನ್ನಿನಲ್ಲಿ 20 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ಅಥವಾ ಅಂಥ ಜಾಗದಿಂದ ಒಂದು ನಾಟಿಕಲ್ ಮೈಲಿಯೊಳಗೆ ಸಿಂಪಡಿಸಲು ಪ್ರತ್ಯೇಕ ಅನುಮತಿ ಬೇಕು. ಒಳ್ಳೆಯ ನಿಯಮ. ಆದರೆ ಅನುಮತಿ ಕೊಡುವವರ ಮೇಜಿನ ಮೇಲೆ ಆ 20 ಮೀಟರಿನ ಕೆಳಗೆ ಏನಿದೆ ಎಂಬ ನಕ್ಷೆ ಇರಬೇಕಲ್ಲ?

ಆ ನಕ್ಷೆ ಹೇಗೆ ಮಾಡುತ್ತಾರೆ? ತಿಳಿನೀರಿನ ಆಳವಿಲ್ಲದ ಕಡೆ ಉಪಗ್ರಹದ ಚಿತ್ರ, ವಿಮಾನದ ಲೇಸರ್ ಸಾಕಾಗುತ್ತದೆ. ಅದಕ್ಕಿಂತ ಕೆಳಗೆ ಬೆಳಕು ಕೈಕೊಡುತ್ತದೆ, ಶಬ್ದವೇ ಗತಿ. ಹಡಗಿನ ಅಡಿಯಲ್ಲಿ ಕಟ್ಟಿದ ಮಲ್ಟಿಬೀಮ್ ಸೋನಾರ್ ಬೀಸಣಿಗೆಯಂತೆ ನೂರಾರು ಶಬ್ದಕಿರಣಗಳನ್ನು ಕೆಳಗೆ ಬಿಡುತ್ತದೆ. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹೋಗಿ ಬರಲು ಹಿಡಿದ ಸಮಯದಿಂದ ಆಳ ಸಿಗುತ್ತದೆ. ಮರಳಿ ಬಂದ ಶಬ್ದ ಎಷ್ಟು ಜೋರಾಗಿದೆ ಎಂಬುದರಿಂದ ತಳ ಗಟ್ಟಿಯೋ ಮೆತ್ತಗೋ ಎಂಬ ಸುಳಿವು ಸಿಗುತ್ತದೆ. ಗಟ್ಟಿ ನೆಲ ಮುಖ್ಯ. ಹವಳಕ್ಕೆ, ಸ್ಪಾಂಜಿಗೆ ಕಚ್ಚಿ ಹಿಡಿಯಲು ಏನಾದರೂ ಗಟ್ಟಿಯಾದದ್ದು ಬೇಕು.

ಆದರೆ ಇದಕ್ಕೂ ಮಿತಿ ಇದೆ. ಒಂದು ಡಿಗ್ರಿ ಅಗಲದ ಕಿರಣ 1,500 ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಸುಮಾರು 26 ಮೀಟರ್ ಅಗಲವಾಗಿರುತ್ತದೆ. ಒಂದು ಮೀಟರ್ ಎತ್ತರದ ಹವಳ ಅದರಲ್ಲಿ ಕಳೆದೇಹೋಗುತ್ತದೆ. ತಳದಿಂದ 50 ಮೀಟರ್ ಮೇಲೆ ತಾನೇ ಈಜುವ ರೋಬೋಟಿಗೆ ಅದೇ ಸೋನಾರ್ ಕಟ್ಟಿದರೆ ಕಿರಣದ ಅಗಲ ಒಂದು ಮೀಟರಿಗಿಂತ ಕಡಿಮೆ. ಆಗ ದಿಬ್ಬ, ಬಿರುಕು, ಲಂಗರು ಎಳೆದ ಗೀರು ಎಲ್ಲ ಕಾಣುತ್ತದೆ. ಅದಕ್ಕೆ ಸಮಯವೂ ದುಡ್ಡೂ ಜಾಸ್ತಿ ಬೇಕು. ಇಷ್ಟಾದ ಮೇಲೂ ಕ್ಯಾಮೆರಾ ಇಳಿಸಿ ನೋಡಲೇಬೇಕು. ಸೋನಾರ್ ಗಟ್ಟಿ ನೆಲ ಇದೆ ಅನ್ನುತ್ತದೆ, ಅದರ ಮೇಲೆ ಜೀವ ಇದೆಯೋ ಬರೀ ಬಂಡೆಯೋ ಎಂದು ಹೇಳುವುದಿಲ್ಲ.

ಎಲ್ಲ ಕಡೆ ಕ್ಯಾಮೆರಾ ಇಳಿಸಲು ಆಗುವುದಿಲ್ಲವಾದ್ದರಿಂದ ಲೆಕ್ಕಾಚಾರದ ಮಾದರಿಗಳನ್ನು ಕಟ್ಟುತ್ತಾರೆ. ಆಳ, ಇಳಿಜಾರು, ಪ್ರವಾಹ, ಉಷ್ಣತೆ ಕೊಟ್ಟರೆ ಇಲ್ಲಿ ಹವಳ ಇರುವ ಸಾಧ್ಯತೆ ಇಷ್ಟು ಎಂದು ಅದು ಹೇಳುತ್ತದೆ. ಉಪಯೋಗಕ್ಕೆ ಬರುತ್ತದೆ. ಕಣ್ಣಾರೆ ಕಂಡದ್ದನ್ನೂ ಲೆಕ್ಕ ಹಾಕಿ ಊಹಿಸಿದ್ದನ್ನೂ ಒಂದೇ ಬಣ್ಣದಲ್ಲಿ ತೋರಿಸುವುದಕ್ಕೆ ಮಾತ್ರ ನನ್ನ ಪೂರ್ತಿ ವಿರೋಧ ಇದೆ.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಜಗತ್ತಿನ ಸಮುದ್ರತಳದಲ್ಲಿ ಇವತ್ತಿನ ಮಟ್ಟದ ಸೋನಾರಿನಿಂದ ಅಳತೆಯಾಗಿರುವುದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೂ ಬರೀ ಆಕಾರದ ಅಳತೆ. ಜೀವಿಗಳನ್ನು ಕಂಡು ಗುರುತಿಸಿದ ಜಾಗ ಇನ್ನೂ ಎಷ್ಟೋ ಕಡಿಮೆ. ಆದರೂ ಸೋರಿಕೆ ಎದುರಿಸುವ ಯೋಜನೆಯ ನಕ್ಷೆ ತೆರೆದರೆ ಗುರುತು ಮಾಡಿದ ಹವಳದ ಸುತ್ತ ಎಲ್ಲ ಒಂದೇ ತಿಳಿನೀಲಿ. ಆ ನೀಲಿಯಲ್ಲಿ ಎರಡು ಬಗೆ ಕಲಸಿಹೋಗಿವೆ. ನೋಡಿದ್ದೇವೆ, ಏನೂ ಇಲ್ಲ ಅನ್ನುವುದು ಒಂದು. ನೋಡಿಯೇ ಇಲ್ಲ ಅನ್ನುವುದು ಇನ್ನೊಂದು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ತೀರ್ಮಾನ ಮಾಡಬೇಕಾದ ಅಧಿಕಾರಿಗೆ ಆ ನೀಲಿ ಕಾಣುವುದು ಅಪಾಯವಿಲ್ಲದ ಜಾಗವಾಗಿ. ಎಣ್ಣೆಯನ್ನು ಅಲ್ಲಿಗೇ ತಳ್ಳೋಣ, ಅಲ್ಲೇ ಒಡೆಯೋಣ ಅನ್ನಿಸುವುದು ಸಹಜ. ಅವರ ತಪ್ಪಲ್ಲ ಅದು, ನಕ್ಷೆ ಮಾಡಿದವರು ಕೊಟ್ಟ ಮಾಹಿತಿಯೇ ಹಾಗಿದೆ.

ಹಾಗಾಗಿ ನೋಡದ ಜಾಗಕ್ಕೆ ಬೇರೆಯೇ ಗುರುತು ಹಾಕಿ. ಅಡ್ಡಗೆರೆ ಎಳೆಯಿರಿ. ನೋಡಿದ ಜಾಗಕ್ಕೆ ಯಾವ ವರ್ಷ, ಯಾವ ಉಪಕರಣದಿಂದ ನೋಡಿದ್ದು ಎಂದು ಬರೆಯಿರಿ. ಕಡಲ ಹುಲ್ಲಿನ ಹಾಸು ಒಂದು ಬಿರುಗಾಳಿಗೆ ಜಾಗ ಬದಲಿಸಬಹುದು, ಹತ್ತು ವರ್ಷದ ಹಳೆಯ ಗುರುತನ್ನು ನಂಬಿ ಕೂರಬಾರದು. ತಿಂಗಳನ್ನೂ ಬರೆಯಿರಿ. ಹವಳ ಮೊಟ್ಟೆ ಬಿಡುವುದು ಎಷ್ಟೋ ಕಡೆ ವರ್ಷದ ಕೆಲವೇ ರಾತ್ರಿಗಳಲ್ಲಿ. ಆ ಮೊಟ್ಟೆಗಳು ತೇಲುವುದು ಎಣ್ಣೆ ಇರುವ ಮೇಲ್ಪದರದಲ್ಲೇ.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಇದು ಯಾವಾಗಲೂ ಮರೆತುಹೋಗುತ್ತದೆ. ತಳಕ್ಕೆ ಪೆಟ್ಟು ಕೊಡುವುದು ಎಣ್ಣೆ ಮಾತ್ರ ಅಲ್ಲ, ಎಣ್ಣೆ ತೆಗೆಯಲು ಹೋದವರೂ ಹೌದು. ಎಣ್ಣೆ ತಡೆಯುವ ತೇಲುಬೇಲಿ, ಅಂದರೆ ಬೂಮ್, ನಿಲ್ಲಬೇಕಾದರೆ ಲಂಗರು ಹಾಕಬೇಕು. ದೋಣಿಗಳು ಆಳವಿಲ್ಲದ ನೀರಿಗೆ ನುಗ್ಗುತ್ತವೆ, ಅವುಗಳ ಪ್ರೊಪೆಲ್ಲರ್ ಕಡಲ ಹುಲ್ಲನ್ನು ಬೇರುಸಮೇತ ಕೀಳುತ್ತದೆ. 2010ರಲ್ಲಿ ಹೀಗೂ ಹುಲ್ಲಿನ ಹಾಸುಗಳು ಹಾಳಾದವು. ಲಂಗರು ಎಲ್ಲಿ ಹಾಕಬಹುದು, ದೋಣಿ ಯಾವ ದಾರಿಯಲ್ಲಿ ಬರಬೇಕು ಎಂಬುದೂ ಅದೇ ನಕ್ಷೆಯಲ್ಲಿ ಇರಬೇಕು.

ದುಡ್ಡು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಮಾಹಿತಿಯ ದೊಡ್ಡ ಪಾಲು ಈಗಾಗಲೇ ಇದೆ. ತೈಲ ಹುಡುಕುವಾಗ ಕಂಪನಿಗಳು ತಳವನ್ನು ಭೂಕಂಪನ ತರಂಗಗಳಿಂದ ಮೂರು ಆಯಾಮದಲ್ಲಿ ಅಳೆದಿರುತ್ತವೆ. ಆ ಪೆಟ್ಟು ತಿಂದ ಹವಳಗಳನ್ನು ಪತ್ತೆ ಹಚ್ಚಲು ನೆರವಾದದ್ದೂ ಗಟ್ಟಿ ನೆಲ ತೋರಿಸುವ ಇಂಥದೇ ಮಾಹಿತಿ. ಅಮೆರಿಕದ ಕಡಲ ಇಂಧನ ಇಲಾಖೆ ಇಂಥ ಮಾಹಿತಿಯನ್ನೆಲ್ಲ ಜೋಡಿಸಿ ಮೆಕ್ಸಿಕೋ ಕೊಲ್ಲಿಯ ಆಳದ ತಳದ ವಿವರವಾದ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಕೊರೆಯಲು ಅನುಮತಿ ಕೊಡುವಾಗಲೇ ತಳದ ಮೇಲ್ಮೈಯ ಮಾಹಿತಿಯನ್ನು ಸಾರ್ವಜನಿಕವಾಗಿ ಇಡಬೇಕು ಎಂಬ ಷರತ್ತು ಎಲ್ಲ ಕಡೆಯೂ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಎಣ್ಣೆಯ ನಿಕ್ಷೇಪ ಎಲ್ಲಿದೆ ಎಂಬ ಗುಟ್ಟು ಅವರ ಹತ್ತಿರವೇ ಇರಲಿ. ಮೇಲಿನ ನೆಲದ ಆಕಾರದಲ್ಲಿ ಗುಟ್ಟೇನಿದೆ?

2016ರಲ್ಲಿ ಡೀಪ್‌ವಾಟರ್ ಹೊರೈಜನ್ ಪರಿಹಾರದ ಒಪ್ಪಂದವಾಯಿತು. ಪ್ರಕೃತಿಗಾದ ನಷ್ಟಕ್ಕೆಂದು 880 ಕೋಟಿ ಡಾಲರ್‌ವರೆಗೆ ಎತ್ತಿಟ್ಟರು. ಅದರಲ್ಲಿ ಸುಮಾರು 27 ಕೋಟಿ 30 ಲಕ್ಷ ಡಾಲರ್ ಆಳದ ಮತ್ತು ಮಧ್ಯಮ ಆಳದ ತಳದ ಜೀವಿಗಳಿಗೆ. ಆ ಹಣದಲ್ಲಿ ಹವಳ ಬೆಳೆಸುವ ಪ್ರಯತ್ನ ನಡೆದಿದೆ. ಅದರ ಜೊತೆಗೇ ದೊಡ್ಡ ಕೆಲಸವಾಗಿ ನಡೆಯುತ್ತಿರುವುದು ಸೋನಾರ್ ಹೊತ್ತ ಹಡಗುಗಳನ್ನು ಕಳಿಸಿ, ರೋಬೋಟ್ ಇಳಿಸಿ, ಯಾವ ಹವಳ ಎಲ್ಲಿದೆ ಎಂದು ನಕ್ಷೆ ಮಾಡುವುದು. ಸೋರಿಕೆಗೆ ಮೊದಲೇ ಆಗಬೇಕಿದ್ದ ಕೆಲಸ ಅದು. ಈಗ ಹೊಸದಾಗಿ ಆಳದಲ್ಲಿ ಕೊರೆಯಲು ಹೊರಟಿರುವ ಪ್ರತಿ ಕಡೆಯೂ ಅದನ್ನು ಮೊದಲೇ ಮಾಡಲು ಇನ್ನೂ ಅವಕಾಶ ಇದೆ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.