ಇಸಾರ ಕೊಡುವ ಮೊದಲು ಅಳತೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಮಧ್ಯಾಹ್ನ, ಗೋವಾದ ವಾಸ್ಕೋದ ಈ ಸೆಕೆಯಲ್ಲಿ, ಮಕ್ಕಳನ್ನೂ ಕಟ್ಟಿಕೊಂಡು ಇಷ್ಟು ಜನ ಬಂದಿದ್ದೀರಿ. ಮಾತು ಶುರು ಮಾಡುವ ಮುಂಚೆ ಈ ಮರದ ತುಂಡನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಜೋಪಾನ, ಪುಡಿ ಉದುರುತ್ತದೆ. ಹೆಂಚಿನ ಕೆಳಗಿನ ಇಳಿಜಾರು ಮರಕ್ಕೆ ನಮ್ಮ ಕರಾವಳಿ ಕಡೆ ಪಕಾಸು ಅನ್ನುತ್ತೇವೆ. ಇದು ಅದರ ತುದಿ, ಗೋಡೆಯ ಮೇಲೆ ಕೂತಿದ್ದ ಭಾಗ. ಹೊರಮೈಯಲ್ಲಿ ವಾರ್ನಿಶ್ ಇನ್ನೂ ಹೊಳೆಯುತ್ತಿದೆ. ತಿರುಗಿಸಿ ನೋಡಿ, ಒಳಗೆ ಮರವೇ ಉಳಿದಿಲ್ಲ, ಇರುವುದೆಲ್ಲ ಗೆದ್ದಲಿನ ಮಣ್ಣು.

ಈ ತುಂಡು ನನ್ನ ಅಕ್ಕನ ಮನೆಯದು.

ಭಾವ ಇಲ್ಲಿಯ ಬಂದರಿನಲ್ಲಿ ದುಡಿದವರು. ಬಾಡಿಗೆ ಖೋಲಿಯಲ್ಲೇ ಮಕ್ಕಳನ್ನು ಬೆಳೆಸಿ, ನಿವೃತ್ತಿಯ ದುಡ್ಡು ಬಂದ ಮೇಲೆ ಫೋಂಡಾ ತಾಲೂಕಿನ ಒಂದು ಹಳ್ಳಿಯಲ್ಲಿ ಹಳೆಯ ಮನೆ ನೋಡಿದರು. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ ಜಗುಲಿ, ಹಿತ್ತಿಲಲ್ಲಿ ಬಾವಿ, ನಾಲ್ಕು ತೆಂಗು. ಅಂಕೋಲೆಯಲ್ಲಿ ನಾವು ಹುಟ್ಟಿದ ಮನೆಯೂ ಹಾಗೇ ಇತ್ತು. ಅಕ್ಕ ಆ ಜಗುಲಿಯ ಮೇಲೆ ಕೂತವಳು ಏಳಲೇ ಇಲ್ಲ. "ನೀ ಇಂಜಿನೇರಲ್ಲವೇನೋ, ಒಂದ್ಸಲ ನೋಡಿ ಹೇಳು" ಅಂದಳು. ನಾನು ಆಗ ಸೇತುವೆ ಕೆಲಸದಲ್ಲಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ಹೋಗಿ ಅರ್ಧ ಗಂಟೆ ಸುತ್ತಾಡಿ, ಗೋಡೆಗೆ ಎರಡು ಸಲ ಗುದ್ದಿ, "ಗಟ್ಟಿ ಇದೆ, ತಗೊಳ್ಳಿ" ಅಂದುಬಿಟ್ಟೆ. ಟೇಪು ಬಿಚ್ಚಲಿಲ್ಲ. ಏಣಿ ಹತ್ತಲಿಲ್ಲ. ಅದೇ ಸಂಜೆ ಭಾವ ಇಸಾರ, ಅಂದರೆ ಮುಂಗಡ, ಕೊಟ್ಟರು.

ಎರಡನೇ ಮಳೆಗಾಲದಲ್ಲಿ ಪಡಸಾಲೆಯ ಮೂಲೆಯ ಹೆಂಚಿನ ಮಾಡು ಕುಸಿಯಿತು. ರಾತ್ರಿ ಹೊತ್ತು, ಎಲ್ಲರೂ ಒಳಕೋಣೆಯಲ್ಲಿ ಮಲಗಿದ್ದರು. ಅದಕ್ಕೆ ಇಂದಿಗೂ ನಾನು ದೇವರಿಗೆ ಕೈ ಮುಗಿಯುತ್ತೇನೆ. ಮಾಡು ರಿಪೇರಿ ಮಾಡಿಸಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ತೀರಿಕೊಂಡರು. ಅವರ ಮಕ್ಕಳು ವಿದೇಶದಿಂದ ಬಂದು, ತಮ್ಮ ಜಾಗ ಅಳೆಸಿ, ತಂತಿ ಬೇಲಿ ಹಾಕಿಸಿದರು. ಬಾವಿ ಬೇಲಿಯ ಆಚೆ ಹೋಯಿತು. ಅವರದೇನೂ ತಪ್ಪಿರಲಿಲ್ಲ. ನಕ್ಷೆಯಲ್ಲಿ ಬಾವಿ ಮೊದಲಿನಿಂದಲೂ ಅವರ ಸರ್ವೆ ನಂಬರಿನಲ್ಲೇ ಇತ್ತು, ಗಡಿಯಿಂದ ಎರಡು ಮೀಟರಿಗಿಂತ ಕಡಿಮೆ ಒಳಗೆ. ಹಿರಿಯರು ಬದುಕಿದ್ದಷ್ಟು ದಿನ ನೀರು ಸೇದಲು ಬಿಟ್ಟಿದ್ದರು, ಮಾರಿದವರು ಆ ಮಾತು ಎತ್ತಲಿಲ್ಲ. ಆ ನಕ್ಷೆಯ ಪ್ರತಿ ಖರೀದಿ ದಿನ ಭಾವನ ಫೈಲಿನಲ್ಲೇ ಇತ್ತು. ನಾವು ಯಾರೂ ಅದನ್ನು ಬಿಡಿಸಿ ನೆಲಕ್ಕೆ ಹೋಲಿಸಿ ನೋಡಿರಲಿಲ್ಲ.

ಆ ಮೇಲೆ ನಾನು ಈ ಕೆಲಸವನ್ನೇ ಹಿಡಿದೆ. ಹಳ್ಳಿ ಮನೆ ಕೊಳ್ಳುವವರ ಪರವಾಗಿ ಮನೆಯನ್ನೂ ಜಾಗವನ್ನೂ ಪರೀಕ್ಷೆ ಮಾಡಿ ವರದಿ ಬರೆದು ಕೊಡುತ್ತೇನೆ. ಹಾವೇರಿ, ಗದಗ, ಬಾಗಲಕೋಟೆ, ಬೆಳಗಾವಿಯಿಂದ ಬಂದು ಇಲ್ಲೇ ನೆಲೆ ನಿಂತ ನಮ್ಮ ಜನಕ್ಕೆ ಈ ಮಾತು ಹೇಳಲೇಬೇಕು ಅನ್ನಿಸಿ ಇಂದು ಬಂದಿದ್ದೇನೆ.

ಗೋವಾದ ಸರ್ವೆ ಪ್ಲಾನು ನೋಡಿದ್ದೀರಾ? ಇಗೋ ಇದು, ಹೆಚ್ಚಾಗಿ 1:1000 ಪ್ರಮಾಣದ್ದು. ಹಾಗೆಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಒಂದು ಮೀಟರ್. ಈ ಬಾಲ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಅದರ ದಪ್ಪವೇ ಅರ್ಧ ಮಿಲಿಮೀಟರ್, ನೆಲದ ಮೇಲೆ ಅರ್ಧ ಮೀಟರ್. ಗೆರೆಯ ಈಚೆ ಅಂಚು ಹಿಡಿಯಬೇಕೋ ಆಚೆ ಅಂಚೋ ಅನ್ನುವುದರಲ್ಲೇ ಒಂದು ಬಚ್ಚಲ ಗೋಡೆ ನಿಮ್ಮದೋ ನೆರೆಯವರದೋ ಎಂದು ತೀರ್ಮಾನವಾಗುತ್ತದೆ. ಇನ್ನು ಜೆರಾಕ್ಸ್. ಮಷಿನು ಚಿತ್ರವನ್ನು ನೂರಕ್ಕೆ ಎರಡರಷ್ಟು ಹಿಗ್ಗಿಸಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ 50 ಮೀಟರಿನ ಬದಿ 51 ಆಗಿಬಿಡುತ್ತದೆ. ಏಜೆಂಟರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋದ ಮೇಲೆ ಸ್ಕೇಲು ಇಟ್ಟು ಅಳೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಇಲಾಖೆಯ ಮುದ್ರೆಯಿರುವ ಪ್ರತಿ ತನ್ನಿ. ಭೂಮಾಪಕರು ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಇಟ್ಟು ಅಳೆದು, ಆ ಪ್ಲಾನಿನ ಮೇಲೆ ಇಂದಿನ ಗೋಡೆ, ಬೇಲಿ, ಬಾವಿ, ದಾರಿ ಎಲ್ಲವನ್ನೂ ಕೂರಿಸಿ ತೋರಿಸಲಿ. ಆ ಒಂದು ಹಾಳೆ ಅಂದು ನಮ್ಮ ಕೈಯಲ್ಲಿದ್ದಿದ್ದರೆ ಭಾವ ಬಾವಿಯ ಲೆಕ್ಕ ಬಿಟ್ಟೇ ಬೆಲೆ ಮಾತಾಡುತ್ತಿದ್ದರು.

ನಮ್ಮ ಜನಕ್ಕೆ ಇಲ್ಲಿ ಇನ್ನೊಂದು ತೊಡಕು. ನಮ್ಮ ತಲೆಯಲ್ಲಿ ಗುಂಟೆ ಕೂತಿದೆ. 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ ಒಂದು ಗುಂಟೆ, 40 ಗುಂಟೆಗೆ ಎಕರೆ. ಇಲ್ಲಿ ಎಲ್ಲವೂ ಚದರ ಮೀಟರ್. ಒಂದು ಗುಂಟೆ ಹೆಚ್ಚುಕಡಿಮೆ 101 ಚದರ ಮೀಟರ್ ಎಂದು ನೆನಪಿಟ್ಟುಕೊಳ್ಳಿ. ಹಾಗೆಯೇ ಊರಿನ ಉತಾರ, ಅಂದರೆ ಪಹಣಿ, ಇಲ್ಲಿ ಇಲ್ಲ, ಅದರ ಜಾಗದಲ್ಲಿ ಎಲ್ಲರೂ ಒನ್-ಫೋರ್ಟೀನ್ ಅನ್ನುವ ಫಾರ್ಮು. ಕಬ್ಜೆದಾರ, ಗೇಣಿದಾರ, ಇತರ ಹಕ್ಕು ಎಂದು ಅದರಲ್ಲಿ ಬೇರೆ ಬೇರೆ ಕಾಲಂ ಇರುತ್ತದೆ. ಮಾರುವವರ ಹೆಸರು ಕಂಡ ಕೂಡಲೇ ಸಮಾಧಾನವಾಗಿ ಮಡಚಿ ಇಡಬೇಡಿ, ಇತರ ಹಕ್ಕಿನ ಕಾಲಂ ಓದಿಸಿ. ಮುಂಡಕಾರರ ಹೆಸರು ಕಾಣುವುದು ಅಲ್ಲಿ. ಭಾಟಕಾರರ, ಅಂದರೆ ಜಮೀನುದಾರರ, ಜಾಗದಲ್ಲಿ ಮನೆ ಮಾಡಿಕೊಂಡು ಬಂದ ಈ ಮುಂಡಕಾರರಿಗೆ 1975ರ ಮುಂಡಕಾರ ಕಾಯ್ದೆ ರಕ್ಷಣೆ ಕೊಟ್ಟಿದೆ, ಹಳ್ಳಿಯಲ್ಲಿ 300 ಚದರ ಮೀಟರ್‌ವರೆಗೆ ಕೊಳ್ಳುವ ಹಕ್ಕೂ ಇದೆ. ಅದು ಬಡವರ ಪರವಾದ ಒಳ್ಳೆಯ ಕಾನೂನು. ಹಿತ್ತಿಲ ಮೂಲೆಯ ಸಣ್ಣ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, "ಕೆಲಸದವಳು, ಆಮೇಲೆ ಹೋಗುತ್ತಾಳೆ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸಿ.

ಪಂಚಾಯ್ತಿಯ ಮನೆ ತೆರಿಗೆ ರಶೀದಿ ತೋರಿಸಿ "ಎಲ್ಲಾ ಕ್ಲಿಯರ್" ಅನ್ನುವುದೂ ಉಂಟು. ಆ ರಶೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನಕ್ಕೆ ಸಾಲದು. ಗೋವಾದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆಸ್ತಿಯಲ್ಲಿ ಸಮಪಾಲು ಬರುವುದು ಸಾಮಾನ್ಯ ಪದ್ಧತಿ, ಹಾಗಾಗಿ ಪ್ರತಿ ವಾರಸುದಾರರ ಜೊತೆ ಅವರ ಗಂಡನೋ ಹೆಂಡತಿಯೋ ರುಜು ಮಾಡಬೇಕು. ವಾರಸುದಾರರು ಕುವೈತಿನಲ್ಲಿರಬಹುದು, ಲಿಸ್ಬನ್ನಿನಲ್ಲಿರಬಹುದು. ಹೊರದೇಶದಲ್ಲಿದ್ದವರ ಹಳೆಯ ಆಸ್ತಿಗೆ ಸುಳ್ಳು ಪತ್ರ ಸೃಷ್ಟಿಸಿ ಮಾರಿದ ಪ್ರಕರಣಗಳು ಎಷ್ಟು ಹೊರಬಂದವೆಂದರೆ 2022ರಲ್ಲಿ ಸರ್ಕಾರ ವಿಶೇಷ ತನಿಖಾ ದಳವನ್ನೇ ರಚಿಸಬೇಕಾಯಿತು. ಇದೆಲ್ಲ ವಕೀಲರ ಕೆಲಸ, ನಾನು ಒಳಗೆ ಹೋಗುವುದಿಲ್ಲ. ಒಂದೇ ಮಾತು: ವಕೀಲರು ಕಾಗದ ನೋಡುತ್ತಾರೆ, ಆ ಕಾಗದ ಹೇಳುವ ನೆಲ ನೀವು ಕೊಳ್ಳುವ ನೆಲವೇ ಹೌದೋ ಎಂದು ಹೇಳಬೇಕಾದವರು ಅಳೆಯುವವರು. ಪೋರ್ಚುಗೀಸ್ ಕಾಲದ ಪತ್ರಗಳಲ್ಲಿ ಚಕ್ಕುಬಂದಿ ಹೇಗಿರುತ್ತದೆ ಗೊತ್ತೇ? ಪೂರ್ವಕ್ಕೆ ಇಂಥವರ ವಾರಸುದಾರರ ಜಾಗ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಕೊಮುನಿದಾದ್, ಅಂದರೆ ಊರ ಸಮುದಾಯದ, ಜಮೀನು. ಆ ವಾರಸುದಾರರು ಯಾರೆಂದು ಇಂದು ಯಾರಿಗೂ ನೆನಪಿಲ್ಲ, ಹಳ್ಳ ಪಾತ್ರ ಬದಲಿಸಿದೆ. ಅದನ್ನು ಇಂದಿನ ಸರ್ವೆ ನಂಬರಿಗೆ ತಾಳೆ ಹಾಕುವುದು ತಾಳ್ಮೆಯ ಕೆಲಸ.

ಗಡಿಯಷ್ಟೇ ಗಮನ ಮನೆಯ ಆಕಾರಕ್ಕೂ ಬೇಕು. ಸರ್ವೆ ನಡೆದ ಕಾಲಕ್ಕೆ ಮನೆ ಇದ್ದಿದ್ದರೆ ಪ್ಲಾನಿನಲ್ಲಿ ಅದರ ಗುರುತು ಇರುತ್ತದೆ. ಗುರುತು ಇಲ್ಲದಿದ್ದರೆ ಮನೆ ಆಮೇಲಿನದು, ಹಾಗಾದರೆ ಕಟ್ಟಡ ಪರವಾನಗಿ ಎಲ್ಲಿ ಎಂದು ಕೇಳಬೇಕು. ಗುರುತು ಚೌಕವಾಗಿದ್ದು ನೆಲದ ಮೇಲೆ ಮನೆ ಎಲ್ ಆಕಾರದಲ್ಲಿದ್ದರೆ, ಆ ಬಾಲ ಯಾವಾಗ ಬೆಳೆಯಿತು? ಹೊಳೆ ದಂಡೆಯ ಮನೆಯಾದರಂತೂ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡದೆ ಒಂದು ಹೆಜ್ಜೆಯೂ ಮುಂದಿಡಬಾರದು. ಕುಮಟಾ ಕಡೆ ನಾವು ಗಜನಿ ಅನ್ನುತ್ತೇವಲ್ಲ, ಉಪ್ಪುನೀರು ತಡೆದು ಮಾಡಿದ ಗದ್ದೆ, ಇಲ್ಲಿ ಅದು ಖಾಜನ್. ಅದರ ಅಂಚಿನ ಮನೆ ಕಣ್ಣಿಗೆ ಬಲು ಚೆಂದ. ಮೇ ತಿಂಗಳಲ್ಲಿ ಅಲ್ಲಿನ ಬಾವಿಯ ನೀರು ಒಂದು ಲೋಟ ಕುಡಿದು ನೋಡಿ. ಮನೆಯ ಜೊತೆ ಹಿಂದಿನ ಗದ್ದೆಯನ್ನೂ ಕೊಡುತ್ತೇವೆ ಅಂದರೆ ಎಚ್ಚರ, 2023ರ ಕಾಯ್ದೆಯ ನಂತರ ಕೃಷಿಕರಲ್ಲದವರಿಗೆ ಗದ್ದೆ ಮಾರುವುದಕ್ಕೆ ನಿರ್ಬಂಧವಿದೆ.

ಇನ್ನು ಮನೆಯ ಮೈ. ನನ್ನ ಚೀಲದಲ್ಲಿ ಬೆಲೆಬಾಳುವ ಯಂತ್ರಗಳೂ ಇವೆ, ಆದರೆ ಮೊದಲು ಹೊರಗೆ ಬರುವುದು ಟಾರ್ಚು, ಸಣ್ಣ ಸುತ್ತಿಗೆ ಮತ್ತು ಈ ಸ್ಕ್ರೂಡ್ರೈವರ್. ಏಣಿ ಹಾಕಿ ಮಾಡಿನ ಒಳಗೆ ಹತ್ತುತ್ತೇನೆ, ದೀಪ ಆರಿಸಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಹೆಂಚಿನ ಸಂದಿನಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಚುಕ್ಕೆ ಕಂಡಲ್ಲಿ ನೀರು ಇಳಿದಿರುತ್ತದೆ. ಆ ನೀರು ಪಕಾಸಿನ ಮೇಲೆ ಹರಿದು ಗೋಡೆಯ ತಲೆಗೆ ಬಂದು ನಿಲ್ಲುತ್ತದೆ, ಮರ ಸಾಯುವುದು ಅಲ್ಲಿ. ನಡುವೆ ಬಡಿದರೆ ಠಣ್ ಅನ್ನುವ ಪಕಾಸು ತುದಿಯಲ್ಲಿ ಬೊದ್ ಅನ್ನುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳ್ಳೆಯ ಮತ್ತಿ ಮರ ಮೊನೆಯನ್ನು ತಡೆದು ನಿಲ್ಲಿಸುತ್ತದೆ, ಹಾಳಾದದ್ದು ಹಿಡಿಯವರೆಗೂ ಒಳಗೆ ಬಿಟ್ಟುಕೊಳ್ಳುತ್ತದೆ. ಅಕ್ಕನ ಮನೆಯಲ್ಲಿ ನಾನು ನೋಡಿದ್ದು ವಾರ್ನಿಶ್ ಹಚ್ಚಿದ ನಡುಭಾಗ ಮಾತ್ರ, ಅದೂ ಕೆಳಗೆ ನಿಂತು.

ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅಲ್ಲಿಗೆ ಹತ್ತಿರ ಹೋಗಿ. ನೆಲದ ತೇವ ಕಲ್ಲಿನಲ್ಲಿ ಮೇಲೇರುವುದು ಹೆಚ್ಚಾಗಿ ಅಷ್ಟೇ ಎತ್ತರ. ಬಣ್ಣದ ಮೇಲೆ ಬಿಳಿ ಉಪ್ಪು ಅರಳಿರುತ್ತದೆ, ಬೆರಳಿಗೆ ಹತ್ತುತ್ತದೆ. ಹಿಂದಿನವರು ಚಿರೆಕಲ್ಲಿಗೆ ಸುಣ್ಣದ ಗಾರೆ ಮಾಡುತ್ತಿದ್ದರು, ತೇವ ಅದರಿಂದ ಆರಿಹೋಗುತ್ತಿತ್ತು. ಗಟ್ಟಿಯಾಗಲಿ ಎಂದು ಈಗಿನವರು ಸಿಮೆಂಟು ಬಳಿಯುತ್ತಾರೆ. ನೀರಿಗೆ ಹೊರದಾರಿ ಮುಚ್ಚಿ, ಅದು ಗೋಡೆಯೊಳಗೇ ಉಳಿದು ಕಲ್ಲನ್ನೂ ಮಣ್ಣಿನ ಸಂದನ್ನೂ ಮೆತ್ತಗೆ ಮಾಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಕಂಡರೆ ಪಾಯ ಒಂದು ಕಡೆ ಕುಳಿತಿದೆಯೇ ಎಂದು ನೋಡಬೇಕು. ಹಿಂದೆ ಸೇರಿಸಿದ ಸ್ಲ್ಯಾಬ್ ಕೋಣೆ ಇದ್ದರೆ ತಲೆ ಎತ್ತಿ ನೋಡಿ: ಸರಳಿನ ಗುಂಟ ಕಂದು ಗೆರೆ ಮೂಡಿದ್ದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ, ಸಮುದ್ರದ ಗಾಳಿಯಲ್ಲಿ ಇದು ಬೇಗ ಆಗುತ್ತದೆ.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಮಾರುವವರು ಮನೆ ತೋರಿಸುವುದು ಡಿಸೆಂಬರಿನಿಂದ ಮಾರ್ಚಿನೊಳಗೆ. ಸಾಧ್ಯವಿದ್ದರೆ ಜುಲೈನಲ್ಲಿ, ಮಳೆ ಹೊಡೆಯುವಾಗಲೇ ಒಂದು ಸಲ ಹೋಗಿ ಜಗುಲಿಯಲ್ಲಿ ನಿಲ್ಲಿ. ಅಂಗಳದ ನೀರು ಎತ್ತ ಹರಿಯುತ್ತದೆ, ದಾರಿ ಮುಳುಗುತ್ತದೆಯೇ, ಎಲ್ಲ ತಿಳಿಯುತ್ತದೆ. ಕಾಯಲು ಆಗುವುದಿಲ್ಲ ಅಂದರೆ ಪರೀಕ್ಷೆಯ ವರದಿಯಾದರೂ ಕೈಯಲ್ಲಿರಲಿ.

"ಬ್ಯಾಂಕಿನವರೇ ಬಂದು ನೋಡಿ ಹೋದರು ಸರ್, ಸಾಲ ಪಾಸಾಯ್ತು" ಎಂದು ಹೇಳುವವರು ಬಹಳ. ಬ್ಯಾಂಕಿನ ಮೌಲ್ಯಮಾಪಕರು ಬರುವುದು, ನೀವು ಸಾಲ ತೀರಿಸದಿದ್ದರೆ ಆ ಆಸ್ತಿ ಮಾರಿ ದುಡ್ಡು ವಾಪಸು ಬರುತ್ತದೆಯೇ ಎಂದು ನೋಡಲು. ಏಣಿ ಹತ್ತಿ ಪಕಾಸು ತಟ್ಟುವುದು ಅವರ ಕೆಲಸದಲ್ಲಿ ಸೇರಿಲ್ಲ. ಮಾರುವವರು ಮಾಡಿಸಿದ ವರದಿಯೂ, ಏಜೆಂಟರು ಕರೆತಂದ ಇಂಜಿನಿಯರೂ ಅಷ್ಟೇ, ಯಾರ ದುಡ್ಡೋ ಅವರ ಕಣ್ಣು. ನೀವೇ ಸಂಬಳ ಕೊಟ್ಟು, ನಿಮ್ಮ ಹೆಸರಿಗೆ, ಫೋಟೋ ಸಮೇತ, ರುಜು ಹಾಕಿದ ವರದಿ ಬರೆಸಿಕೊಳ್ಳಿ. ನನ್ನಂಥ ಸಂಬಂಧಿಕರ "ಗಟ್ಟಿ ಇದೆ" ಅನ್ನುವ ಮಾತಿನ ಮೇಲೆ ಕೊಳ್ಳಬೇಡಿ.

ಅಳತೆಯ ದಿನ ನೆರೆಯವರನ್ನು ಕರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಾವು ಕರ್ನಾಟಕದಿಂದ ಬಂದವರು, ಈ ಹಳ್ಳಿಗಳಲ್ಲಿ ಹೊರಗಿನವರು. ಇರುವ ಸಣ್ಣ ಊರಿಗೆ ಯಾರೋ ಬಂದು ಜಾಗ ಕೊಳ್ಳುತ್ತಾರೆ ಅಂದರೆ ಅಲ್ಲಿನವರಿಗೆ ಭಯ ಇದ್ದೇ ಇರುತ್ತದೆ, ಅದು ಸಹಜ. ಹೋದ ವರ್ಷ ನಮ್ಮ ಹಾನಗಲ್ ಕಡೆಯ ಒಬ್ಬ ಗೌಂಡಿಯವರು ಮನೆ ಕೊಳ್ಳುವಾಗ ನಾಲ್ಕೂ ದಿಕ್ಕಿನ ಮನೆಗೆ ತಾವೇ ಹೋಗಿ, ತಮಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಿ ಬಂದರು. ಅಳೆಯುವ ದಿನ ಪಶ್ಚಿಮದ ಮನೆಯ ಆಂಟಿ ಕೊಡೆ ಹಿಡಿದು ಬಂದು, ಹುಲ್ಲಿನಲ್ಲಿ ಹೂತುಹೋಗಿದ್ದ ಗಡಿ ಕಲ್ಲನ್ನು ಕಾಲಿನಿಂದ ತಟ್ಟಿ ತೋರಿಸಿದರು. ನಾವು ಯಂತ್ರ ಇಟ್ಟು ಎರಡು ತಾಸು ಹುಡುಕುತ್ತಿದ್ದ ಕಲ್ಲು ಅದು. ಅಳತೆಯಲ್ಲಿ ಗೌಂಡಿಯವರಿಗೆ ಮಾತಾಡಿದ್ದಕ್ಕಿಂತ 34 ಚದರ ಮೀಟರ್ ಕಡಿಮೆ ಬಂತು. ಇಸಾರ ಇನ್ನೂ ಕೊಟ್ಟಿರಲಿಲ್ಲ, ಬೆಲೆ ಇಳಿಸಿಯೇ ಪತ್ರವಾಯಿತು. ಆಂಟಿಯ ಮನೆಗೆ ಈಗ ಅವರೇ ಹೆಂಚು ಕಟ್ಟಿಕೊಡುತ್ತಾರೆ.

ಅಕ್ಕ ಆಮೇಲೆ ಹೊಸ ಬಾವಿ ತೋಡಿಸಿದಳು, 11 ಮೀಟರ್ ಆಳ, ನೀರು ಸಿಹಿ ಬಂತು. ತೋಡುವ ಮೊದಲು ಅವಳೇ ನನ್ನ ಕೈಗೆ ಟೇಪು ಕೊಟ್ಟಳು.

ಆ ಮರದ ತುಂಡು ಎಲ್ಲಿಗೆ ಬಂತು? ಹಿಂದಿನ ಸಾಲಿನವರು ನೋಡಿ ಆದ ಮೇಲೆ ಮೇಜಿಗೆ ತಂದಿಡಿ. ನಾನು ಆರು ಗಂಟೆಯವರೆಗೂ ಇಲ್ಲೇ ಇರುತ್ತೇನೆ, ಸ್ಕೇಲು, ಭೂತಗನ್ನಡಿ ಎರಡೂ ತಂದಿದ್ದೇನೆ. ಯಾರ ಹತ್ತಿರ ಸರ್ವೆ ಪ್ಲಾನು, ಒನ್-ಫೋರ್ಟೀನ್ ಇದೆಯೋ ಅವರು ಬನ್ನಿ, ಬಿಡಿಸಿ ನೋಡೋಣ. ಇಸಾರದ ಮಾತು ಈ ವಾರವೇ ಇರುವವರು ಮೊದಲು ಬನ್ನಿ.