ಅಂಗೈಯಗಲದ ಡಬ್ಬಿ

ಕೇಳುಗರಿಗೆ ನಮಸ್ಕಾರ.

ಹಾರ್ಡ್ ಡಿಸ್ಕ್ ಸಾಯುವಾಗ ಸದ್ದು ಮಾಡುತ್ತದೆ. ನಾನು ಕೇಳಿದ್ದೇನೆ. ಟಿಕ್, ಟಿಕ್, ಟಿಕ್. ಒಂದು ಗಳಿಗೆ ಸುಮ್ಮನಿರುತ್ತದೆ. ಮತ್ತೆ ಟಿಕ್, ಟಿಕ್. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ.

ಏಳೆಂಟು ವರ್ಷದ ಹಿಂದಿನ ಮಾತು. ನನ್ನ ಲ್ಯಾಪ್‌ಟಾಪ್ ತುಂಬಿ ತುಳುಕುತ್ತಿತ್ತು. ತಂಗಿಯ ಮದುವೆ ಫೋಟೋ, ಮಗಳು ಅಂಬೆಗಾಲಿಟ್ಟ ವಿಡಿಯೋ, ಅಪ್ಪನ ಜಮೀನಿನ ಕಾಗದಪತ್ರದ ಸ್ಕ್ಯಾನ್. ಎಲ್ಲವನ್ನೂ ಹೊರಗಿನಿಂದ ಕೇಬಲ್ಲಿನಲ್ಲಿ ಸಿಕ್ಕಿಸುವ ಒಂದು 1 ಟಿಬಿ, ಅಂದರೆ ಸಾವಿರ ಜಿಬಿ, ಹಾರ್ಡ್ ಡಿಸ್ಕಿಗೆ ಸುರಿದು, ಲ್ಯಾಪ್‌ಟಾಪಿನಿಂದ ಅಳಿಸಿ, ಆರಾಮಾಗಿದ್ದೆ. ಒಂದು ಸಂಜೆ ಡಿಸ್ಕು ಓಡುತ್ತಿತ್ತು, ಮಗಳು ಮೇಜಿನ ಕೆಳಗೆ ಆಡುತ್ತಿದ್ದಳು. ಕೇಬಲ್ಲಿಗೆ ಕಾಲು ಸಿಕ್ಕಿತು. ಮೇಜಿನ ಎತ್ತರ ಎಷ್ಟಿರುತ್ತೆ? ಎರಡೂವರೆ ಅಡಿ. ಅಷ್ಟೇ ಸಾಕಾಯಿತು. ರಿಕವರಿ ಮಾಡಿಕೊಡುವವರು ಡಿಸ್ಕಿನ ಬೆಲೆಯ ಐದಾರು ಪಟ್ಟು ದುಡ್ಡು ತೆಗೆದುಕೊಂಡರು. ಅರ್ಧಕ್ಕರ್ಧ ಸಿಕ್ಕಿತು. ಅಂಬೆಗಾಲಿನ ವಿಡಿಯೋ ಸಿಗಲಿಲ್ಲ.

ಅವತ್ತಿನಿಂದ ಯಾರಾದರೂ "ಯಾವ ಡಿಸ್ಕ್ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ಅದರಲ್ಲಿ ಏನು ಇಡುತ್ತೀರಿ, ಮತ್ತು ಅದೇ ಇನ್ನೆಲ್ಲಿದೆ?

ಈ ಡಬ್ಬಿಯ ಒಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಸತ್ತ ಡಿಸ್ಕನ್ನು ನಾನು ಬಿಚ್ಚಿ ನೋಡಿದೆ. ಸ್ಕ್ರೂಗಳು ಸಣ್ಣವು, ನಕ್ಷತ್ರದ ತಲೆಯವು. ಒಳಗೆ ಕನ್ನಡಿಯಂಥ ತಟ್ಟೆ. ಎಷ್ಟು ನುಣುಪು ಅಂದರೆ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಪಕ್ಕದಲ್ಲಿ ಗ್ರಾಮಫೋನಿನ ಮುಳ್ಳಿನ ಹಾಗೆ ಒಂದು ತೋಳು. ಆದರೆ ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ, ಇದು ಮುಟ್ಟಲೇಬಾರದು. ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ತೋಳಿನ ತುದಿ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಇಷ್ಟು ನಾಜೂಕಿನ ಸಾಮಾನನ್ನು ನಾವು ಬ್ಯಾಗಿಗೆ ಎಸೆದುಕೊಂಡು ಬಸ್ ಹತ್ತುತ್ತೇವೆ!

ಒಂದು ಸಮಾಧಾನ ಇದೆ. ಕೇಬಲ್ ತೆಗೆದಾಗ ಆ ತೋಳು ತಟ್ಟೆಯಿಂದ ಆಚೆ ಸರಿದು ತನ್ನ ಗೂಡಿನಲ್ಲಿ ಕೂರುತ್ತದೆ. ನಿಂತ ಡಿಸ್ಕು ಬಿದ್ದರೆ ಎಷ್ಟೋ ಸಲ ಬದುಕುತ್ತದೆ. ಓಡುವ ಡಿಸ್ಕು ಬಿದ್ದರೆ ಕಷ್ಟ.

ಅಂಗಡಿಯಲ್ಲಿ ಸಿಗುವ ಇನ್ನೊಂದು ಬಗೆಯ ಡಿಸ್ಕು ಎಸ್‌ಎಸ್‌ಡಿ. ಅದರಲ್ಲಿ ಈ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಪೆನ್ ಡ್ರೈವಿನ ಶ್ರೀಮಂತ ಅಣ್ಣ ಎಂದಿಟ್ಟುಕೊಳ್ಳಿ. ಬರೀ ಚಿಪ್ಪುಗಳು. ಬಿದ್ದರೆ ಎತ್ತಿಕೊಂಡು ಒರೆಸಿ ಕೆಲಸ ಮುಂದುವರಿಸಬಹುದು. ವೇಗವೂ ಜಾಸ್ತಿ. ತಿರುಗುವ ಡಿಸ್ಕು ಸೆಕೆಂಡಿಗೆ ನೂರು ನೂರಿಪ್ಪತ್ತು ಎಂಬಿ ಸಾಗಿಸಿದರೆ, ಸಾಧಾರಣ ಎಸ್‌ಎಸ್‌ಡಿ ಐನೂರು ದಾಟುತ್ತದೆ, ಒಳ್ಳೆಯದು ಸಾವಿರ ಮುಟ್ಟುತ್ತದೆ. ಆದರೆ ಅದೇ ದುಡ್ಡಿಗೆ ಜಾಗ ಕಡಿಮೆ ಸಿಗುತ್ತದೆ. ಇನ್ನೊಂದು ವಿಷಯ. ಎಸ್‌ಎಸ್‌ಡಿಯನ್ನು ಕರೆಂಟ್ ತೋರಿಸದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡಬಾರದು. ಚಿಪ್ಪಿನೊಳಗಿನ ವಿದ್ಯುತ್ತು ನಿಧಾನವಾಗಿ ಸೋರಿಹೋಗುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ವಿಡಿಯೋ ಎಡಿಟ್ ಮಾಡುವವರು, ದಿನಾ ಕಾಲೇಜಿಗೋ ಆಫೀಸಿಗೋ ಹೊತ್ತುಕೊಂಡು ಹೋಗುವವರು ಎಸ್‌ಎಸ್‌ಡಿ ತೆಗೆದುಕೊಳ್ಳಿ. ಮನೆಯಲ್ಲಿಟ್ಟು ತಿಂಗಳಿಗೊಮ್ಮೆ ಫೋಟೋ ಸುರಿಯುವವರಿಗೆ ತಿರುಗುವ ಡಿಸ್ಕೇ ಸಾಕು. ಸುಮ್ನೆ ಜಾಸ್ತಿ ದುಡ್ಡು ಯಾಕೆ?

ಅಂಗಡಿಗೆ ಹೋದ ಕೂಡಲೇ ಎಲ್ಲರೂ ಕೇಳುವುದು ಕಂಪನಿ ಯಾವುದು ಅಂತ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತರೆ ಈ ಪ್ರಶ್ನೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ನಿಜ ಏನೆಂದರೆ, ತಿರುಗುವ ಡಿಸ್ಕು ಮಾಡುವ ಕಂಪನಿಗಳು ಜಗತ್ತಿನಲ್ಲಿ ಈಗ ಮೂರೇ ಉಳಿದಿವೆ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಡಬ್ಬಿ ತೆಗೆದುಕೊಂಡರೂ ಒಳಗೆ ಕೂತಿರುವುದು ಈ ಮೂವರಲ್ಲಿ ಒಬ್ಬರ ಡಿಸ್ಕು. ನಿಮ್ಮ ಭಾವನದು ಕೆಟ್ಟುಹೋಯಿತು, ಗೆಳೆಯನದು ಹತ್ತು ವರ್ಷ ಬಂತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕಂಪನಿ ಬಿಟ್ಟು ವಾರಂಟಿ ನೋಡಿ. ಎರಡು ವರ್ಷವೋ ಮೂರು ವರ್ಷವೋ? ಹಾಗೇ ನೆನಪಿರಲಿ, ಕೆಟ್ಟರೆ ಅವರು ಕೊಡುವುದು ಹೊಸ ಡಿಸ್ಕು. ನಿಮ್ಮ ಫೋಟೋ ಅಲ್ಲ.

ಮನೆಗೆ ತಂದು ಸಿಕ್ಕಿಸಿದ ಮೇಲೆ ಒಂದು ಫೋನ್ ಬರುವುದು ಗ್ಯಾರಂಟಿ. "ಮೋಸ ಆಯ್ತು, 1 ಟಿಬಿ ಅಂತ ಕೊಟ್ಟ, 931 ಜಿಬಿ ತೋರಿಸ್ತಿದೆ!" ಮೋಸ ಅಲ್ಲ. ಹಿಂದೆ ಊರಿಗೊಂದು ಸೇರು ಇತ್ತಲ್ಲ, ಹಾಗೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಅಕ್ಕಿ ಅಷ್ಟೇ ಇದೆ, ಸೇರು ದೊಡ್ಡದು.

ನಿಜವಾದ ಮೋಸ ಬೇರೆ ಇದೆ. ಆನ್‌ಲೈನಿನಲ್ಲಿ 16 ಟಿಬಿ ಎಸ್‌ಎಸ್‌ಡಿ ಎಂದು ಒಂದು ಊಟದ ಬಿಲ್ಲಿನಷ್ಟು ಬೆಲೆಗೆ ಮಾರುತ್ತಾರೆ. ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡು. ಅದು ಲ್ಯಾಪ್‌ಟಾಪಿಗೆ 16 ಟಿಬಿ ಎಂದೇ ಸುಳ್ಳು ಹೇಳುತ್ತದೆ. ತುಂಬಿದ ಮೇಲೂ ತುಂಬಿಸಿಕೊಳ್ಳುತ್ತಲೇ ಹೋಗುತ್ತದೆ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತ. ಹೆಸರು ಮಾತ್ರ ಕಾಣುತ್ತದೆ, ಫೈಲ್ ತೆರೆಯುವುದಿಲ್ಲ. ಅದಕ್ಕೇ ಯಾವ ಡಿಸ್ಕು ತಂದರೂ ಬಿಲ್ಲು ಇಟ್ಟುಕೊಂಡು, ಮೊದಲ ವಾರದಲ್ಲೇ ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡಿ. ಈ ಪರೀಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್ ಇದೆ, ಹೆಸರು ಎಚ್2ಟೆಸ್ಟ್‌ಡಬ್ಲ್ಯೂ. ರಾತ್ರಿ ಹಚ್ಚಿಟ್ಟು ಮಲಗಿ.

ಈಗ ಕಿಂಡಿಯ ವಿಷಯ. ನಿಮ್ಮ ಲ್ಯಾಪ್‌ಟಾಪನ್ನು ಒಮ್ಮೆ ತಿರುಗಿಸಿ ನೋಡಿ. ಯುಎಸ್‌ಬಿ ಕಿಂಡಿಯ ಒಳಗಿನ ನಾಲಿಗೆ ನೀಲಿ ಇದ್ದರೆ ಸಾಮಾನ್ಯವಾಗಿ ಅದು 3.0, ವೇಗದ್ದು. ಕಪ್ಪೋ ಬಿಳಿಯೋ ಇದ್ದರೆ ಹಳೆಯ 2.0 ಇರಬಹುದು. ಕೆಲವು ಕಂಪನಿಯವರು ಬಣ್ಣ ಹಾಕುವುದೇ ಇಲ್ಲ, ಹಾಗಾಗಿ ಇದನ್ನೇ ವೇದವಾಕ್ಯ ಅಂದುಕೊಳ್ಳಬೇಡಿ. ವ್ಯತ್ಯಾಸ ಎಷ್ಟು? ತಿರುಗುವ ಡಿಸ್ಕಿಗೆ 100 ಜಿಬಿ ಸಾಗಿಸಲು ಹಳೆ ಕಿಂಡಿಗೆ ಮುಕ್ಕಾಲು ಗಂಟೆ ಬೇಕು, ಹೊಸದಕ್ಕೆ ಕಾಲು ಗಂಟೆ. ಹಳೆ ಲ್ಯಾಪ್‌ಟಾಪಿಗೆ ದುಬಾರಿ ಎಸ್‌ಎಸ್‌ಡಿ ತಂದು ಕಟ್ಟುವುದು, ಗಲ್ಲಿಯಲ್ಲಿ ರೇಸ್ ಕಾರು ಓಡಿಸಿದ ಹಾಗೆ. ಹೆಸರುಗಳಂತೂ ಕಲಸುಮೇಲೋಗರ. 3.0, 3.1 ಜೆನ್ 1, 3.2 ಜೆನ್ 1, ಮೂರೂ ಒಂದೇ! ಈ ಹೆಸರಿಟ್ಟವರನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ.

ಅದೇ ಕಿಂಡಿಯಿಂದಲೇ ಡಿಸ್ಕಿಗೆ ಕರೆಂಟೂ ಹೋಗಬೇಕು. ಎರಡೂವರೆ ಇಂಚಿನ ಡಿಸ್ಕಿಗೆ ಅಷ್ಟು ಸಾಕು. ಮೂರೂವರೆ ಇಂಚಿನ ದೊಡ್ಡ ಡಬ್ಬಿಗೆ ಬೇರೆ ಅಡಾಪ್ಟರ್ ಬೇಕು. ಜಾಸ್ತಿ ಜಾಗ ಸಿಗುತ್ತೆ ಎಂದು ಅದನ್ನು ತಂದು, ಪ್ಲಗ್ ಪಾಯಿಂಟ್ ಹುಡುಕಿಕೊಂಡು ತಿರುಗಬೇಡಿ. ಇನ್ನೊಂದು, ಒಂದು ಕಿಂಡಿಯನ್ನು ಹಲವಾಗಿಸುವ, ಪ್ಲಗ್ ಇಲ್ಲದ ಅಗ್ಗದ ಯುಎಸ್‌ಬಿ ಹಬ್ಬಿಗೆ ಡಿಸ್ಕು, ಮೌಸು, ಫೋನು ಎಲ್ಲ ಸಿಕ್ಕಿಸಿದರೆ ಕರೆಂಟ್ ಸಾಲದೆ ಆಗಲೂ ಟಿಕ್ ಟಿಕ್ ಅನ್ನುತ್ತದೆ. ಸತ್ತೇಹೋಯಿತು ಎಂದು ಅಳುವ ಮೊದಲು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ ನೋಡಿ.

ತಿರುಗುವ ಎಷ್ಟೋ ದೊಡ್ಡ ಡಿಸ್ಕುಗಳ ಒಂದು ಗುಟ್ಟು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಕಡಿಮೆ ಜಾಗದಲ್ಲಿ ಜಾಸ್ತಿ ತುಂಬಲು, ತಟ್ಟೆಯ ಮೇಲಿನ ಸಾಲುಗಳನ್ನು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಓದುವುದಕ್ಕೆ ತೊಂದರೆ ಇಲ್ಲ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಬೇಕು, ಅಲ್ವಾ? ಇಲ್ಲೂ ಅದೇ ಕಥೆ. ಹೊಸ ಡಿಸ್ಕಿಗೆ ಮೊದಲು ಚುರುಕಾಗಿ ಬರೆಯುತ್ತಿದ್ದದ್ದು, ತುಂಬುತ್ತ ಬಂದ ಹಾಗೆ, ಅಳಿಸಿ ಬರೆದ ಹಾಗೆ ಏದುಸಿರು ಬಿಡತೊಡಗುತ್ತದೆ. ಕೆಟ್ಟಿಲ್ಲ, ಹೆಂಚು ಎತ್ತುತ್ತಿದೆ ಅಷ್ಟೆ. ಫೋಟೋ ಕೂಡಿಡಲು ಇದು ಪರವಾಗಿಲ್ಲ. ಅದರಲ್ಲೇ ದಿನವಿಡೀ ಕೆಲಸ ಮಾಡುವವರಿಗೆ ತಲೆನೋವು.

ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಅದರ ಬಗ್ಗೆ ಎರಡೇ ಮಾತು. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್ ಇಟ್ಟುಕೊಳ್ಳಿ. ಮನೆಯಲ್ಲಿ ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಯಾಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಹಳೆಯ ಫ್ಯಾಟ್ 32 ಬೇಡ, 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಸುವುದಿಲ್ಲ.

ಎಷ್ಟು ಟಿಬಿ? ಇಲ್ಲಿ ನನ್ನ ಹಟ ಒಂದಿದೆ. 4 ಟಿಬಿಯ ಒಂದು ಡಿಸ್ಕಿನ ಬದಲು 2 ಟಿಬಿಯ ಎರಡು ತೆಗೆದುಕೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ ಆಗಬಹುದು. ಅಂಗಡಿಯವನು "ಸಾರ್, ದೊಡ್ಡದೇ ಲಾಭ" ಅನ್ನುತ್ತಾನೆ. ಅವನ ಲೆಕ್ಕವೂ ಸರಿಯೇ, ಜಿಬಿಗೆ ಎಷ್ಟು ಪೈಸೆ ಎಂದು ನೋಡಿದರೆ. ಆದರೆ ಡಿಸ್ಕಿಗೆ ಹಾಕಿ ಲ್ಯಾಪ್‌ಟಾಪಿನಿಂದ ಅಳಿಸಿದರೆ ಅದು ಬ್ಯಾಕಪ್ ಅಲ್ಲ. ಫೋಟೋಗಳು ಬರೀ ಮನೆ ಬದಲಿಸಿದವು. ಇದು ನನಗೆ ಟಿಕ್ ಟಿಕ್ ಕೇಳಿದ ಮೇಲೆ ಹೊಳೆದದ್ದು. ಎರಡು ಡಿಸ್ಕಿನಲ್ಲಿ ಅದೇ ಅದೇ ಇಟ್ಟು, ಒಂದನ್ನು ಬೇರೆ ಮನೆಯಲ್ಲಿ ಇಡುವುದು. ಮನೆಗೆ ನೀರು ನುಗ್ಗಿದರೆ, ಕಳ್ಳ ಬಂದರೆ ಎರಡೂ ಒಟ್ಟಿಗೆ ಹೋಗಬಾರದು ನೋಡಿ. ಕಾಗದಪತ್ರ ಇದ್ದರೆ ಪಾಸ್‌ವರ್ಡ್ ಹಾಕಿ. ಆ ಪಾಸ್‌ವರ್ಡನ್ನು ಡಬ್ಬಿಯ ಮೇಲೆ ಚೀಟಿ ಅಂಟಿಸಿ ಬರೆದವರನ್ನೂ ಕಂಡಿದ್ದೇನೆ.

ನನ್ನ ಎರಡನೇ ಡಿಸ್ಕು ಹಾಸನದಲ್ಲಿ ತಂಗಿಯ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ನಡುವೆ. ಮೇಲೆ ಮಾರ್ಕರಿನಲ್ಲಿ ಕೊನೆಯ ಸಲ ತುಂಬಿದ ತಾರೀಖು ಬರೆದಿದ್ದೇನೆ. ಯುಗಾದಿಗೆ, ದಸರೆಗೆ ಅವಳು ಬರುವಾಗ ತರುತ್ತಾಳೆ. ಹೊಸ ಫೋಟೋ ಹಾಕಿ, ತಾರೀಖು ಹೊಡೆದು ಬೇರೆ ಬರೆದು ವಾಪಸು ಕಳಿಸುತ್ತೇನೆ. ಕಳೆದ ಸಲ ಬ್ಯಾಗಿನಿಂದ ಡಿಸ್ಕು ತೆಗೆದರೆ ಪಕ್ಕದಲ್ಲೇ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ. ಪುಣ್ಯಕ್ಕೆ ಸೋರಿರಲಿಲ್ಲ.

ನಮಸ್ಕಾರ.